ಬಣ್ಣದ ಕೋಸ್ಟರ್, ದೀಪದ ಬಟ್ಟಲಿಗೆ ಯಾವ ಪುಡಿ ಒಳ್ಳೆಯದು? ಅದು ಎಷ್ಟು ನೀರು ಕುಡಿಯುತ್ತದೆ ಅಂತ ಮೊದಲು ನೋಡಿ

ಪಿಒಪಿಗೆ (ಪ್ಲಾಸ್ಟರ್ ಆಫ್ ಪ್ಯಾರಿಸ್) ಅಕ್ರಿಲಿಕ್ ಪೇಂಟ್ ಬೆರೆಸಿ ಕೋಸ್ಟರ್ (ಲೋಟದ ಕೆಳಗಿಡುವ ಬಿಲ್ಲೆ) ಮತ್ತು ದೀಪದ ಬಟ್ಟಲು ಮಾಡಿದ್ದೀರಿ. ಅಚ್ಚಿನಿಂದ ತೆಗೆದಾಗ ಕಡು ಬಣ್ಣ ಇತ್ತು, ಒಣಗಿದ ಮೇಲೆ ಪೇಲವವಾಯಿತು, ಅಂಚು ಬೇರೆ ಉದುರುತ್ತಿದೆ. ಡೆಂಟಲ್ ಸ್ಟೋನ್, ಜೆಸ್ಮೊನೈಟ್, ವೈಟ್ ಸಿಮೆಂಟ್ ಇವುಗಳಲ್ಲಿ ಯಾವುದಕ್ಕೆ ದುಡ್ಡು ಹಾಕಲಿ ಅಂತ ನಿಮ್ಮ ಪ್ರಶ್ನೆ. ಕೊನೆಯಲ್ಲಿ ಮಗಳ ಕೈಯ ಅಚ್ಚು ತೆಗೆಯುವ ಆಸೆಯನ್ನೂ ಬರೆದಿದ್ದೀರಿ. ಅದರ ಬಗ್ಗೆ ಕೆಳಗೆ ಬರೆಯುತ್ತೇನೆ. ಅಲ್ಲಿಯವರೆಗೆ ದಯವಿಟ್ಟು ಮಗುವಿನ ಕೈಯನ್ನು ಪಿಒಪಿಯಲ್ಲಿ ಮುಳುಗಿಸಬೇಡಿ.

ನಾನು ಉಡುಪಿ ಕಡೆಯವಳು. ಆರು ವರ್ಷದಿಂದ ಮನೆಯಲ್ಲೇ ಎರಕದ ಕೆಲಸ ಮಾಡುತ್ತಿದ್ದೇನೆ. ಅಣ್ಣನ ಮನೆ ಒಕ್ಕಲಿಗೆ ಅಂತ ಮೊದಲ ಸಲ ತಾವರೆ ಆಕಾರದ 60 ಬಟ್ಟಲು ಮಾಡಿದ್ದೆ, ಪಿಒಪಿಯಲ್ಲೇ. ಕುಂಕುಮದಂಥ ಕೆಂಪು ಬೇಕಿತ್ತು. ಒಣಗಿದಾಗ ಬಂದದ್ದು ಸುಣ್ಣ ಬಳಿದಂಥ ಗುಲಾಬಿ. ಬಸ್ಸಿನಲ್ಲಿ ಒಯ್ಯುವಾಗ ಇಪ್ಪತ್ತರ ಎಸಳು ಮುರಿದವು. ಬಣ್ಣ ಸರಿಯಿಲ್ಲ ಅಂದುಕೊಂಡು ಎರಡು ತಿಂಗಳು ಬರೀ ಬಣ್ಣ ಬದಲಾಯಿಸುತ್ತಾ ಕೂತೆ. ತಪ್ಪು ಬಣ್ಣದ್ದಲ್ಲ, ನೀರಿನದು.

ಪಿಒಪಿ ಅಂದರೆ ಜಿಪ್ಸಂ ಕಲ್ಲನ್ನು ಬಿಸಿ ಮಾಡಿ, ಅದರೊಳಗಿನ ನೀರಿನಲ್ಲಿ ಮುಕ್ಕಾಲು ಪಾಲನ್ನು ಓಡಿಸಿ ಮಾಡಿದ ಪುಡಿ. ನಾವು ಮತ್ತೆ ನೀರು ಹಾಕಿದಾಗ ಅದು ಕಳೆದುಕೊಂಡ ನೀರನ್ನು ಹೀರಿ, ಬಿಸಿಯಾಗಿ, ತಿರುಗಿ ಜಿಪ್ಸಂ ಕಲ್ಲಾಗುತ್ತದೆ. ಈ ಕೆಲಸಕ್ಕೆ 100 ಗ್ರಾಂ ಪುಡಿಗೆ ಬೇಕಾಗುವ ನೀರು ಸುಮಾರು 18.6 ಗ್ರಾಂ ಮಾತ್ರ. ಆದರೆ ಅಷ್ಟೇ ನೀರಿನಲ್ಲಿ ಪಿಒಪಿ ಕಲಸಲು ಬರುವುದಿಲ್ಲ, ಉದುರುದುರಾಗಿ ಇರುತ್ತದೆ. ಅಚ್ಚಿಗೆ ಹರಿಯುವ ಹದಕ್ಕೆ ಬರಬೇಕಾದರೆ 100 ಗ್ರಾಂಗೆ 60ರಿಂದ 70 ಗ್ರಾಂ ಬೇಕು. ಜಾಸ್ತಿ ಹಾಕಿದ ಸುಮಾರು 40ರಿಂದ 50 ಗ್ರಾಂ ನೀರು ಎಲ್ಲಿಗೆ ಹೋಗುತ್ತದೆ? ಒಣಗುವಾಗ ಆವಿಯಾಗುತ್ತದೆ, ಅದಿದ್ದ ಜಾಗದಲ್ಲೆಲ್ಲ ಕಣ್ಣಿಗೆ ಕಾಣದ ತೂತು ಉಳಿಯುತ್ತದೆ. ಆ ತೂತುಗಳಿಂದಲೇ ಅಂಚು ಉದುರುವುದು. ಬಣ್ಣ ಪೇಲವ ಕಾಣುವುದೂ ಅವುಗಳಿಂದಲೇ, ಯಾಕೆಂದರೆ ಬೆಳಕು ಅಲ್ಲಿ ಚದುರಿ ಮೇಲ್ಮೈ ಬೆಳ್ಳಗೆ ಕಾಣುತ್ತದೆ. ಒಣಗಿದ ನಿಮ್ಮ ಕೋಸ್ಟರ್ ಮೇಲೆ ಒಂದು ಹನಿ ನೀರು ಬಿಡಿ. ಅಲ್ಲಿ ಮೊದಲಿನ ಕಡು ಬಣ್ಣ ತಿರುಗಿ ಬರುತ್ತದೆ. ಬಣ್ಣ ಎಲ್ಲೂ ಹೋಗಿಲ್ಲ.

ಇಷ್ಟು ಗೊತ್ತಾದರೆ ಪುಡಿಗಳನ್ನು ಹೋಲಿಸುವುದು ಸುಲಭ. ಪ್ಯಾಕೆಟ್ ಮೇಲೆ ಏನು ಹೆಸರು ಬೇಕಾದರೂ ಇರಲಿ, 100 ಗ್ರಾಂಗೆ ಎಷ್ಟು ನೀರು ಅಂತ ಬರೆದಿದ್ದಾರೆ ಅದನ್ನು ಓದಿ.

ನಿಮಗೆ ನಾನು ಹೇಳುವುದು ಡೆಂಟಲ್ ಸ್ಟೋನ್. ಹಲ್ಲಿನ ಡಾಕ್ಟರುಗಳಿಗೆ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುತ್ತದೆ. ಇದೂ ಜಿಪ್ಸಂ ಪುಡಿಯೇ, ಪಿಒಪಿಯ ಒಡಹುಟ್ಟು. ವ್ಯತ್ಯಾಸ ಇರುವುದು ಮಾಡುವ ರೀತಿಯಲ್ಲಿ. ಪಿಒಪಿಯನ್ನು ತೆರೆದ ಬಾಣಲೆಯಂಥದ್ದರಲ್ಲಿ ಹುರಿಯುತ್ತಾರೆ, ಹಾಗಾಗಿ ಅದರ ಕಣಗಳು ಅಡ್ಡಾದಿಡ್ಡಿಯಾಗಿ ಪೊಳ್ಳಾಗಿರುತ್ತವೆ. ಡೆಂಟಲ್ ಸ್ಟೋನಿಗೆ ಜಿಪ್ಸಮನ್ನು ಕುಕ್ಕರಿನ ಹಾಗೆ ಮುಚ್ಚಿ, ಹಬೆಯ ಒತ್ತಡದಲ್ಲಿ ಬೇಯಿಸುತ್ತಾರೆ. ಆಗ ಕಣಗಳು ಗಟ್ಟಿಯಾಗಿ, ನುಣುಪಾಗಿ ಬರುತ್ತವೆ. ನುಣುಪು ಕಣ ಒಂದರ ಮೇಲೊಂದು ಸುಲಭವಾಗಿ ಜಾರುವುದರಿಂದ 100 ಗ್ರಾಂಗೆ 28ರಿಂದ 30 ಮಿಲಿ ನೀರು ಸಾಕು. ಅಂದರೆ ಜಾಸ್ತಿ ನೀರು ಸುಮಾರು 9ರಿಂದ 11 ಗ್ರಾಂ, ಪಿಒಪಿಯ 40-50 ಎಲ್ಲಿ, ಇದು ಎಲ್ಲಿ! ಉಗುರಿನಿಂದ ಗೀಚಿದರೆ ಸುಲಭಕ್ಕೆ ಗೆರೆ ಬೀಳುವುದಿಲ್ಲ. ಎರಡು ತುಂಡು ತಾಗಿಸಿದರೆ ಕಪ್ಪು-ಸಾಸರಿನಂಥ ಸದ್ದು ಬರುತ್ತದೆ. ಬಣ್ಣವೂ ಹೆಚ್ಚು ಇಳಿಯುವುದಿಲ್ಲ.

ಒಂದು ತೊಡಕಿದೆ. ಡೆಂಟಲ್ ಸ್ಟೋನ್ ಹೆಚ್ಚಾಗಿ ಹಳದಿ, ಹಸಿರು ಹೀಗೆ ಬಣ್ಣ ಹಾಕಿಯೇ ಬರುತ್ತದೆ. ಇಟ್ಟಿಗೆ ಕೆಂಪು, ಕಾಫಿ, ಕಪ್ಪು ಬಣ್ಣಕ್ಕೆ ಅದರಿಂದ ತೊಂದರೆಯಿಲ್ಲ. ತಿಳಿನೀಲಿ, ಗುಲಾಬಿ ಬೇಕಿದ್ದರೆ ಬಿಳಿಯದೇ ಬೇಕು ಅಂತ ಕೇಳಿ ತನ್ನಿ. ಇನ್ನೊಂದು, 30 ಮಿಲಿ ನೀರಿಗೆ ಅದು ಇಡ್ಲಿ ಹಿಟ್ಟಿನಷ್ಟು ದಪ್ಪ ಇರುತ್ತದೆ. ನೀರುದೋಸೆ ಹಿಟ್ಟಿನ ಹಾಗೆ ಹರಿಯಲಿ ಅಂತ ನೀರು ಸುರಿಯಲು ಕೈ ಹೋಗುತ್ತದೆ, ಸುರಿಯಬೇಡಿ. ಸಣ್ಣ ಕೆತ್ತನೆ ಇರುವ ಅಚ್ಚಾದರೆ ಮೊದಲು ಬ್ರಷ್‌ನಿಂದ ತೆಳುವಾಗಿ ಸವರಿ, ಆಮೇಲೆ ಉಳಿದದ್ದನ್ನು ಒಂದು ಮೂಲೆಯಿಂದ ಹೊಯ್ದು, ಅಚ್ಚು ಇಟ್ಟ ಹಲಗೆಯನ್ನು ಕೆಳಗಿನಿಂದ ತಟ್ಟುತ್ತಾ ಇರಿ. ಗುಳ್ಳೆ ತಾನಾಗಿ ಮೇಲೆ ಬರುತ್ತದೆ.

ಈಗ ಜೆಸ್ಮೊನೈಟ್. ಇದನ್ನು 1984ರಲ್ಲಿ ಇಂಗ್ಲೆಂಡಿನ ಪೀಟರ್ ಹಾಕಿನ್ಸ್ ಕಂಡುಹಿಡಿದರು. ಕರಕುಶಲ ಕೆಲಸಕ್ಕೆ ಹೆಚ್ಚಾಗಿ ಬಳಸುವ, ಎಸಿ100 ಎಂಬ ಅದರ ಬಗೆಯಲ್ಲಿ ಪುಡಿ ಜಿಪ್ಸಂನದೇ. ನೀರಿನ ಬದಲು ಅದಕ್ಕೆ ಅಕ್ರಿಲಿಕ್ ಬೆರೆತ ಹಾಲಿನಂಥ ದ್ರವ ಹಾಕಬೇಕು. ಎರಡೂವರೆ ಪಾಲು ಪುಡಿಗೆ ಒಂದು ಪಾಲು ದ್ರವ, ಅಳೆಯುವುದು ತೂಕದಲ್ಲಿ. ದ್ರವದೊಳಗಿನ ಅಕ್ರಿಲಿಕ್ ಒಣಗುವಾಗ ಕಣಗಳ ನಡುವೆ ಪದರದ ಹಾಗೆ ಕೂತು ಅವನ್ನು ಹಿಡಿದುಕೊಳ್ಳುತ್ತದೆ. ಹಾಗಾಗಿ ತೆಳ್ಳಗಿನ ತಟ್ಟೆ, ಬಾಚಣಿಗೆ, ಕಿವಿಯೋಲೆಯಂಥ ತೆಳು ಕೆಲಸಕ್ಕೆ ಇದಕ್ಕಿಂತ ಒಳ್ಳೆಯದನ್ನು ನಾನು ಬಳಸಿಲ್ಲ. ಅರ್ಧ ಗಂಟೆಯಲ್ಲಿ ಅಚ್ಚಿನಿಂದ ತೆಗೆಯಬಹುದು. ಎಪಾಕ್ಸಿ ರೆಸಿನ್‌ನ ಹಾಗೆ ಘಾಟು ವಾಸನೆ ಇಲ್ಲ, ಪಾತ್ರೆಯನ್ನು ನೀರಿನಲ್ಲೇ ತೊಳೆಯಬಹುದು. ಆದರೆ ನಮ್ಮಲ್ಲಿ ದುಬಾರಿ. ಕಲಿಯುವ ಹೊತ್ತಿನಲ್ಲಿ ಹತ್ತು ತುಂಡು ಹಾಳಾಗುವುದು ಸಹಜ ಅಲ್ವಾ, ಅದನ್ನು ಇದರಲ್ಲಿ ಮಾಡಬೇಡಿ. ಕೈ ಕುದುರಿದ ಮೇಲೆ ತನ್ನಿ.

ಪಿಒಪಿಗೆ ಬಿಳಿ ಅಂಟು ಬೆರೆಸಿದರೆ ಜೆಸ್ಮೊನೈಟ್ ಆಗುತ್ತದೆ ಅಂತ ಕೆಲವರು ಹೇಳುತ್ತಾರೆ. ಆಗುವುದಿಲ್ಲ. ಸ್ವಲ್ಪ ಗಟ್ಟಿ ಬರುತ್ತದೆ ನಿಜ. ಆದರೆ ಆ ಅಂಟು ನೀರು ತಾಗಿದರೆ ಮತ್ತೆ ಮೆತ್ತಗಾಗುತ್ತದೆ. ಕೋಸ್ಟರ್ ಮೇಲೆ ಇಡುವುದೇ ನೀರು ಸುರಿಯುವ ಲೋಟ.

ವೈಟ್ ಸಿಮೆಂಟಿನ ಸ್ವಭಾವವೇ ಬೇರೆ. ಜಿಪ್ಸಂ ಅರ್ಧ ಗಂಟೆಯಲ್ಲಿ ಗಟ್ಟಿಯಾಗಿ ಆಮೇಲೆ ಒಣಗಲು ಕಾಯುತ್ತದೆ. ಸಿಮೆಂಟು ಒಣಗಲೇಬಾರದು. 24 ಗಂಟೆ ಅಚ್ಚಿನಲ್ಲಿ ಬಿಟ್ಟು, ತೆಗೆದ ಮೇಲೆ ಒದ್ದೆ ಬಟ್ಟೆ ಸುತ್ತಿ ಒಂದು ವಾರ ನೀರು ಉಣ್ಣಿಸಬೇಕು. ಮನೆ ಕಟ್ಟುವಾಗ ಗೋಡೆಗೆ ನೀರು ಬಿಡುವುದು ಇದಕ್ಕೇ. ಗಿಡದ ಕುಂಡ, ಸಾಬೂನು ಇಡುವ ತಟ್ಟೆ ಹೀಗೆ ಸದಾ ನೀರು ತಾಗುವ ವಸ್ತುವಿಗೆ ಇದೇ ಸರಿ. ಜಿಪ್ಸಂ ನೀರಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಕರಗುತ್ತದೆ, ಒಂದು ಲೀಟರಿಗೆ ಸುಮಾರು 2 ಗ್ರಾಂ. ಹಾಗಾಗಿ ಅದರಲ್ಲಿ ಕುಂಡ ಮಾಡಿದರೆ ಬಾಳಿಕೆ ಬರುವುದಿಲ್ಲ. ಸಿಮೆಂಟಿಗೆ ಕೈಗವಸು ಖಂಡಿತ ಬೇಕು. ಅದು ಸುಣ್ಣದ ಹಾಗೆ ಚರ್ಮ ಸುಡುತ್ತದೆ.

ಸುಣ್ಣದ ಗುಣ ಇರುವುದರಿಂದ ಸಿಮೆಂಟಿಗೆ ಎಲ್ಲ ಬಣ್ಣವೂ ಒಗ್ಗುವುದಿಲ್ಲ. ಆರತಿ ನೀರಿಗೆ ಅರಿಶಿನ ಕದಡಿ ಚಿಟಿಕೆ ಸುಣ್ಣ ಹಾಕಿದರೆ ಕೆಂಪಾಗುತ್ತದಲ್ಲ, ಸಿಮೆಂಟಿಗೆ ಅರಿಶಿನ ಹಾಕಿದರೂ ಹಾಗೇ. ಜಿಪ್ಸಂನಲ್ಲಿ ಅರಿಶಿನ ಹಳದಿಯಾಗಿ ಉಳಿಯುತ್ತದೆ, ಆದರೆ ಬಿಸಿಲಿಗೆ ಕೆಲವೇ ವಾರದಲ್ಲಿ ಮಾಸುತ್ತದೆ. ಅಡುಗೆ ಬಣ್ಣದ ಕತೆಯೂ ಅಷ್ಟೆ. ಜಿಪ್ಸಂ, ಸಿಮೆಂಟ್ ಎರಡಕ್ಕೂ ನಂಬಬಹುದಾದದ್ದು ಆಕ್ಸೈಡ್ ಪುಡಿ. ನಮ್ಮ ಅಜ್ಜಿ ಮನೆಯ ರೆಡ್ ಆಕ್ಸೈಡ್ ನೆಲ ಇಂದಿಗೂ ಕನ್ನಡಿಯ ಹಾಗೆ ಹೊಳೆಯುತ್ತದೆ. ಹಳೆಯ ಮನೆಗಳಲ್ಲಿ ನೀವೂ ನೋಡಿರುತ್ತೀರಿ. ಅದು ಸಿಮೆಂಟಿಗೆ ಬೆರೆಸಿದ ಕಬ್ಬಿಣದ ಆಕ್ಸೈಡ್, ಅಂದರೆ ಹೆಚ್ಚುಕಡಿಮೆ ತುಕ್ಕು. ತುಕ್ಕು ಹಿಡಿದ ಮೇಲೆ ಇನ್ನು ಕೆಡುವುದೇನಿದೆ? ಕೆಂಪು, ಹಳದಿ, ಕಪ್ಪು ಮೂರೂ ಕಬ್ಬಿಣದವೇ, ಹಸಿರು ಕ್ರೋಮಿಯಂನದು. ಮಣ್ಣಿನ ಛಾಯೆಯ ಈ ಬಣ್ಣಗಳು ನನಗೆ ತುಂಬಾ ಇಷ್ಟ. ಗಾಢ ನೇರಳೆ, ಮಿಂಚುವ ಗುಲಾಬಿ ಬೇಕಿದ್ದರೆ ಮಾತ್ರ ನೀರಿನಲ್ಲಿ ಬೆರೆಯುವ ಪಿಗ್ಮೆಂಟ್ ಪೇಸ್ಟ್ ತೆಗೆದುಕೊಳ್ಳಿ.

ಎಷ್ಟು ಹಾಕುವುದು? ಜಿಪ್ಸಂಗೆ ಪುಡಿಯ ತೂಕದ 2 ಪರ್ಸೆಂಟ್ ಒಳಗೆ ಇರಲಿ, ಸಿಮೆಂಟಿಗೆ 5ರ ತನಕ ಹೋಗಬಹುದು. ಜಾಸ್ತಿಯಾದರೆ ತುಂಡು ದುರ್ಬಲವಾಗಿ, ಮುಟ್ಟಿದರೆ ಕೈಗೆ ಬಣ್ಣ ಹತ್ತುತ್ತದೆ. ನೀವು ಬಳಸಿದ ಅಕ್ರಿಲಿಕ್ ಪೇಂಟಿನಲ್ಲೂ ನೀರಿದೆ, ಅದನ್ನು ಲೆಕ್ಕಕ್ಕೆ ಹಿಡಿಯಿರಿ. ಪೇಂಟ್ ಸುರಿದದ್ದೂ ಪೂರ್ತಿ ನೀರು ಸುರಿದದ್ದೂ ಸೇರಿಯೇ ನಿಮ್ಮ ಅಂಚು ಉದುರುತ್ತಿರಬಹುದು.

ಕಲಸುವಾಗ ಅಡುಗೆಮನೆಯ ತಕ್ಕಡಿ ಬಳಸಿ, ಕಣ್ಣಂದಾಜು ಬೇಡ. ಮೊದಲು ನೀರು, ಅದರಲ್ಲಿ ಬಣ್ಣ ಕದಡಿ, ಆಮೇಲೆ ಪುಡಿಯನ್ನು ಉಪ್ಪಿಟ್ಟಿಗೆ ರವೆ ಉದುರಿಸುವ ಹಾಗೆ ಮೇಲಿನಿಂದ ಉದುರಿಸಿ. ಒಂದು ನಿಮಿಷ ಮುಟ್ಟದೆ ಬಿಡಿ, ಪುಡಿ ತಾನೇ ನೀರು ಹೀರಿ ಮುಳುಗುತ್ತದೆ. ನಂತರ ನಿಧಾನ ಕಲಸಿ. ಪುಡಿಗೆ ನೀರು ಹೊಯ್ದರೆ ಗಂಟು ಗ್ಯಾರಂಟಿ. ಚಿಟಿಕೆ ಉಪ್ಪು ಹಾಕಿದರೆ ಬೇಗ ಗಟ್ಟಿಯಾಗುತ್ತದೆ, ನಿಂಬೆಹುಳಿ ಹಾಕಿದರೆ ತಡವಾಗುತ್ತದೆ. ಹಿಂದಿನ ದಿನದ ಗಟ್ಟಿಯಾದ ಪುಡಿ ಬಟ್ಟಲಿಗೆ ಅಂಟಿಕೊಂಡಿದ್ದರೂ ಬೇಗ ಬಿಗಿಯುತ್ತದೆ, ಆದ್ದರಿಂದ ಬಟ್ಟಲು ಚೊಕ್ಕ ಇರಲಿ. ಸಿಲಿಕೋನ್ ಬಟ್ಟಲು ಇಟ್ಟುಕೊಳ್ಳಿ. ಉಳಿದದ್ದು ಗಟ್ಟಿಯಾಗಲು ಬಿಟ್ಟು, ಮಡಚಿ ಉದುರಿಸಿ ಕಸಕ್ಕೆ ಹಾಕಿ. ಸಿಂಕಿಗೆ ಸುರಿದರೆ ಪೈಪಿನೊಳಗೇ ಕಲ್ಲಾಗುತ್ತದೆ. ಪುಡಿ ಸುರಿಯುವಾಗ ಮಾಸ್ಕ್ ಹಾಕಿಕೊಳ್ಳಿ.

ಒಣಗಿಸುವುದರಲ್ಲಿ ಅವಸರ ಮಾಡಿ ನಾನು ಬಹಳ ತುಂಡು ಕೆಡಿಸಿದ್ದೇನೆ. ಗಟ್ಟಿಯಾಗುವುದು ಬೇರೆ, ಒಣಗುವುದು ಬೇರೆ. ಕೆನ್ನೆಗೆ ತಾಗಿಸಿ ನೋಡಿ, ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ. ಇನ್ನೂ ನಂಬಿಕೆಯ ದಾರಿ ಎಂದರೆ ದಿನಾ ತೂಕ ಮಾಡುವುದು. ಎರಡು ದಿನ ತೂಕ ಇಳಿಯಲಿಲ್ಲ ಅಂದರೆ ಒಣಗಿತು. ನಮ್ಮ ಕಡೆ ಆಷಾಢದ ಮಳೆಯಲ್ಲಿ ಫ್ಯಾನ್ ಕೆಳಗೆ ಇಟ್ಟರೂ ಹತ್ತು ದಿನ ಬೇಕು. ಓವನ್‌ನಲ್ಲಿ ಮಾತ್ರ ಇಡಬೇಡಿ, ತುಂಬಾ ಬಿಸಿಯಾದರೆ ಕಲ್ಲು ಮತ್ತೆ ಪುಡಿಯ ಸ್ವಭಾವಕ್ಕೆ ತಿರುಗುತ್ತದೆ. ಪೂರ್ತಿ ಒಣಗಿದ ಮೇಲೆ ನೀರು ಆಧಾರಿತ ಅಕ್ರಿಲಿಕ್ ವಾರ್ನಿಷ್ ಎರಡು ಮೂರು ಕೋಟ್ ಕೊಡಿ. ತೂತು ತುಂಬಿ ಕಡು ಬಣ್ಣ ಮರಳಿ ಬರುತ್ತದೆ. ಈಗಿರುವ ನಿಮ್ಮ ಪಿಒಪಿ ತುಂಡುಗಳನ್ನೂ ಹೀಗೆ ಸುಧಾರಿಸಬಹುದು, ಎಸೆಯಬೇಡಿ.

ದೀಪದ ಬಟ್ಟಲಿಗೆ ನೇರವಾಗಿ ಎಣ್ಣೆ ಹಾಕಬೇಡಿ. ಜಿಪ್ಸಂ ಎಣ್ಣೆ ಕುಡಿದು ಕಲೆಯಾಗುತ್ತದೆ, ಒಳಗೆ ಸಣ್ಣ ಹಿತ್ತಾಳೆ ಹಣತೆ ಕೂರುವಷ್ಟು ಜಾಗ ಬಿಡಿ. ಇವು ಯಾವುವೂ ಊಟ ತಿಂಡಿ ಬಡಿಸುವುದಕ್ಕೂ ಅಲ್ಲ. ನೀರಿಗೆ ಬಿಡುವ ಗಣಪತಿಯನ್ನಂತೂ ಇವುಗಳಲ್ಲಿ ಎರಕ ಹೊಯ್ಯಲೇಬೇಡಿ. ಪಿಒಪಿ ಮೂರ್ತಿ ಬೇಡ ಅಂತ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರ ಮಾರ್ಗಸೂಚಿಯಲ್ಲೇ ಹೇಳಿದೆ. ಅದಕ್ಕೆ ಜೇಡಿಮಣ್ಣೇ ಸರಿ.

ಇನ್ನು ಮಗಳ ಕೈ. ಪುಡಿ ಕಲ್ಲಾಗುವಾಗ ಬಿಸಿಯಾಗುತ್ತದೆ ಅಂದೆನಲ್ಲ, ಒಂದು ಡಬ್ಬಿಯಷ್ಟು ಪಿಒಪಿ ಒಟ್ಟಿಗೆ ಇದ್ದರೆ ಆ ಬಿಸಿ 60 ಡಿಗ್ರಿ ತಲುಪಬಲ್ಲದು, ಅಷ್ಟರಲ್ಲಿ ಕೈ ಒಳಗೆ ಸಿಕ್ಕಿಬಿದ್ದಿರುತ್ತದೆ. 2007ರಲ್ಲಿ ಇಂಗ್ಲೆಂಡಿನ ಶಾಲೆಯೊಂದರಲ್ಲಿ 16 ವರ್ಷದ ಹುಡುಗಿ ಕಲೆಯ ತರಗತಿಯಲ್ಲಿ ಹೀಗೆ ಕೈ ಇಟ್ಟು, ಹೆಚ್ಚಿನ ಬೆರಳುಗಳನ್ನೇ ಕಳೆದುಕೊಂಡಳು. ಅದನ್ನು ಓದಿದಾಗಿನಿಂದ ಯಾರು ಈ ಪ್ರಶ್ನೆ ಕೇಳಿದರೂ ಮೊದಲು ಇದನ್ನೇ ಹೇಳುತ್ತೇನೆ.

ಆದರೆ ನಿಮ್ಮ ಆಸೆ ಕೈಬಿಡಬೇಕಾಗಿಲ್ಲ. ಡೆಂಟಲ್ ಸ್ಟೋನ್ ತರಲು ಹೋದ ಅದೇ ಅಂಗಡಿಯಲ್ಲಿ ಆಲ್ಜಿನೇಟ್ ಪುಡಿ ಕೇಳಿ. ಕಡಲ ಪಾಚಿಯಿಂದ ತೆಗೆದದ್ದು, ಹಲ್ಲಿನ ಅಳತೆ ತೆಗೆಯಲು ಬಾಯೊಳಗೆ ಇಡುವಂಥದ್ದು. ತಣ್ಣೀರಿನಲ್ಲಿ ಕಲಸಿದರೆ ಕೆಲವೇ ನಿಮಿಷದಲ್ಲಿ ರಬ್ಬರಿನ ಹಾಗಾಗುತ್ತದೆ, ಬಿಸಿಯಾಗುವುದಿಲ್ಲ. ಮಗಳ ಕೈಯನ್ನು ಅದರಲ್ಲಿಡಿ, ಗಟ್ಟಿಯಾದ ಮೇಲೆ ಬೆರಳು ಅಲ್ಲಾಡಿಸುತ್ತಾ ನಿಧಾನ ಹೊರಗೆ ತೆಗೆಯಲು ಹೇಳಿ. ಆ ಕುಳಿಗೆ ತಡ ಮಾಡದೆ ಡೆಂಟಲ್ ಸ್ಟೋನ್ ಹೊಯ್ಯಿರಿ, ಯಾಕೆಂದರೆ ಆಲ್ಜಿನೇಟ್ ಒಣಗುತ್ತಾ ಕುಗ್ಗುತ್ತದೆ. ಒಂದು ಗಂಟೆ ಬಿಟ್ಟು ರಬ್ಬರನ್ನು ಸುಲಿದು ತೆಗೆದರೆ ಅಂಗೈಯ ಗೆರೆ, ಉಗುರಿನ ಅಂಚು ಎಲ್ಲ ಬಂದಿರುತ್ತದೆ. ಮಗಳು ಸಣ್ಣವಳಾದರೆ ಮಲಗಿದ ಹೊತ್ತಿನಲ್ಲಿ ಮಾಡಿ. ಎಚ್ಚರ ಇದ್ದರೆ ಎರಡು ನಿಮಿಷ ಕೈ ಅಲ್ಲಾಡಿಸದೆ ಇಡುವುದು ಅವಳಿಗೆ ಕಷ್ಟ.