ಮನೆ ಹಿಂದಿನ ಹಕ್ಕಲಿನಿಂದ ವರ್ಷದ ಸೌದೆ ಮಾಡಿಕೊಳ್ಳೋದು ಹೇಗೆ?

ನಿಮ್ಮ ಪ್ರಶ್ನೆ ಓದಿದೆ. ಬೆಂಗಳೂರು ಬಿಟ್ಟು ತೀರ್ಥಹಳ್ಳಿ ಕಡೆಯ ಅಜ್ಜನ ಮನೆಗೆ ಬಂದಿದ್ದೀರಿ, ಮನೆ ಹಿಂದೆ ಎರಡು ಎಕರೆ ಮರ ತುಂಬಿದ ಹಕ್ಕಲು ಇದೆ, ಬಚ್ಚಲ ಹಂಡೆಗೂ ಅಡಿಕೆ ಬೇಯಿಸೋದಕ್ಕೂ ಸೌದೆ ಅಲ್ಲಿಂದಲೇ ಆಗಬೇಕು. ಯಾವ ಮರ, ಯಾವಾಗ, ಎಷ್ಟು, ಮರ ಕೊಯ್ಯುವ ಮಿಷನ್ ತಗೋಬೇಕಾ ಅಂತ ಕೇಳಿದ್ದೀರಿ. ನಾನೂ ಅದೇ ಸೀಮೆಯವನು, ಹುಟ್ಟಿದಾಗಿನಿಂದ ಸೌದೆ ಒಲೆಯ ನೀರಲ್ಲೇ ಸ್ನಾನ. ಗೊತ್ತಿರೋದು ಬರೆಯುತ್ತೇನೆ, ಸ್ವಲ್ಪ ಉದ್ದ ಆಗಬಹುದು.

ಮರದ ಯೋಚನೆ ಆಮೇಲೆ. ಮೊದಲು ಸೌದೆ ಕೊಟ್ಟಿಗೆಗೆ ಹೋಗಿ ತಲೆ ಎತ್ತಿ ನೋಡಿ. ಹೆಂಚು ಒಡೆದಿದೆಯಾ? ಪಶ್ಚಿಮದ ಕಡೆಯಿಂದ ಮಳೆ ಎರಚಲು ಒಳಗೆ ಬರುತ್ತದಾ? ನೆಲ ಪಸೆ ಏಳುತ್ತದಾ? ಎಷ್ಟು ಸೌದೆಯನ್ನು ಒಣಗಿಸಿ ಒಣಗಿದ ಹಾಗೇ ಇಟ್ಟುಕೊಳ್ಳೋಕೆ ನಿಮ್ಮಲ್ಲಿ ಜಾಗ ಇದೆಯೋ ಅಷ್ಟನ್ನು ಮಾತ್ರ ಕಡಿಯಿರಿ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ, ನಿಮ್ಮೂರಲ್ಲಿ ಅಷ್ಟಿಲ್ಲದಿದ್ದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೆ ಏನೂ ಒಣಗುವುದಿಲ್ಲ, ಒಣಗಿದ್ದೂ ಮತ್ತೆ ನೀರು ಕುಡಿಯುತ್ತದೆ. ಹೊಸದಾಗಿ ಊರಿಗೆ ಬಂದವರು ಮಿಷನ್ ಬೆಲೆ ವಿಚಾರಿಸುತ್ತಾರೆ, ಹೆಂಚಿನ ಬೆಲೆ ಯಾರೂ ವಿಚಾರಿಸುವುದಿಲ್ಲ.

ಎಷ್ಟು ಬೇಕು ಅನ್ನೋದಕ್ಕೆ ಒಂದು ಲೆಕ್ಕ ಹೇಳುತ್ತೇನೆ. ನೂರು ಲೀಟರ್ ನೀರನ್ನು 25 ಡಿಗ್ರಿಯಿಂದ 45 ಡಿಗ್ರಿಗೆ ಕಾಯಿಸಲು ಸುಮಾರು 8.4 ಮೆಗಾಜೂಲ್ ಶಾಖ ಬೇಕು. ಒಣಗಿದ ಸೌದೆ ಕಿಲೋಗೆ 15 ಮೆಗಾಜೂಲ್ ಹತ್ತಿರ ಕೊಡುತ್ತದೆ, ಆದರೆ ಹಳೇ ಒಲೆಯಲ್ಲಿ ಅದರ ಐದನೇ ಒಂದು ಭಾಗ ಹಂಡೆಗೆ ತಲುಪಿದರೆ ಪುಣ್ಯ. ಅಂದ್ರೆ ದಿನಕ್ಕೆ ಮೂರು ಕಿಲೋ, ವರ್ಷಕ್ಕೆ ಒಂದು ಟನ್ ಆಸುಪಾಸು, ಬರೀ ಸ್ನಾನಕ್ಕೆ. ಹಸಿ ಸೌದೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರುತ್ತದೆ, ಆ ನೀರನ್ನು ಆವಿ ಮಾಡೋಕೇ ಶಾಖ ಖರ್ಚಾಗಿ ಕಿಲೋಗೆ 8 ಮೆಗಾಜೂಲ್ ಸಿಕ್ಕರೆ ಹೆಚ್ಚು. ಹಸಿಯದ್ದನ್ನೇ ಉರಿಸುತ್ತೀರಾದರೆ ಎರಡು ಪಟ್ಟು ಹೊರಬೇಕು, ಜೊತೆಗೆ ಬಚ್ಚಲು ತುಂಬ ಹೊಗೆ. ನಿಮ್ಮ ಒಲೆ ಹಳೇ ಮೂರು ಕಲ್ಲಿನದ್ದಾಗಿದ್ದರೆ ಮರ ಕಡಿಯೋ ಮೊದಲು ಒಲೆ ಬದಲಾಯಿಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಕೇಂದ್ರದವರು ರೂಪಿಸಿದ ಅಸ್ತ್ರ ಒಲೆ ನಮ್ಮ ಕಡೆ ಎಷ್ಟೋ ಬಚ್ಚಲುಗಳಲ್ಲಿದೆ, ಕಟ್ಟಲು ಬರುವವರೂ ಸಿಗುತ್ತಾರೆ. ಅಡಿಕೆ ಬೇಯಿಸೋದರ ಲೆಕ್ಕ ಬೇರೆ, ಅದು ನಿಮ್ಮ ತೋಟ ಎಷ್ಟು, ಕೆಂಪಡಿಕೆಯಾ ಚಾಲಿಯಾ ಅನ್ನೋದರ ಮೇಲೆ. ಚಾಲಿ ಅಂದ್ರೆ ಹಣ್ಣಡಿಕೆಯನ್ನು ಬಿಸಿಲಲ್ಲಿ ಒಣಗಿಸಿ ಸುಲಿಯೋದು, ಅದಕ್ಕೆ ಬೇಯಿಸುವ ಗೋಜೇ ಇಲ್ಲ.

ಈಗ ಮರ. ಹಸಿ ಮರ ಉರುಳಿಸುವ ಮೊದಲು ಹಕ್ಕಲಿನಲ್ಲಿ ಒಂದು ಸುತ್ತು ಹಾಕಿ. ಎರಡು ಎಕರೆ ಅಂದ್ರೆ ಕಳೆದ ಮಳೆಗಾಲದಲ್ಲಿ ಬಿದ್ದ ಟೊಂಗೆ, ನಿಂತಲ್ಲೇ ಒಣಗಿದ ಮರ, ಬುಡ ಕಿತ್ತು ಒರಗಿಕೊಂಡದ್ದು ಏನಾದರೂ ಇದ್ದೇ ಇರುತ್ತದೆ. ತೋಟದಲ್ಲಿ ಸತ್ತ ಅಡಿಕೆ ಮರದ ದಬ್ಬೆ, ತೆಂಗಿನ ಮಡಲು, ಕರಟ, ಅಡಿಕೆ ಸಿಪ್ಪೆ ಇವೆಲ್ಲ ಸೇರಿದರೆ ದಿನದ ಒಲೆ ಹೊತ್ತಿಸುವ ಪುರಳೆಯ ಚಿಂತೆ ಮುಗಿಯಿತು. ಆಮೇಲೂ ಸಾಲದಿದ್ದರೆ ಕೊಂಬೆ ಸವರಿ. ಅದಕ್ಕೂ ಸಾಲದಿದ್ದರೆ ಮರ.

ಉರಿಯೋಕೆ ಒಳ್ಳೇದು ಅಂದ್ರೆ ಮತ್ತಿ, ಜಂಬೆ, ಕಿಂದಳ, ನೇರಳೆ, ಅಕೇಶಿಯಾ. ಕೆಂಡ ಗಟ್ಟಿ, ಬೇಗ ಬೂದಿಯಾಗುವುದಿಲ್ಲ. ಮಾವು, ಹಲಸು ಪರವಾಗಿಲ್ಲ. ಬೂರುಗ, ಹಾಲುವಾಣ, ಹಾಲೆ ಮರ ಇವು ಹೊರುವ ಕೂಲಿಗೂ ಗಿಟ್ಟುವುದಿಲ್ಲ, ಬುಸ್ಸಂತ ಉರಿದು ಹೋಗುತ್ತವೆ. ಹೊಳಗೇರು ಮರದ ಗುರುತು ಇಲ್ಲದಿದ್ದರೆ ಗೊತ್ತಿರುವವರನ್ನು ಕರೆದುಕೊಂಡು ಹೋಗಿ, ಅದರ ಸೊನೆ ತಾಗಿದರೆ ಮೈಯೆಲ್ಲ ಬೊಬ್ಬೆ ಏಳುತ್ತದೆ. ಇನ್ನು ಉಪ್ಪಾಗೆ, ಮುರುಗಲು, ವಾಟೆ, ಅಂಟುವಾಳ, ರಾಮಪತ್ರೆ ಕಂಡರೆ ಕತ್ತಿ ಕೆಳಗಿಡಿ. ಅವು ವರ್ಷವರ್ಷ ದುಡ್ಡು ಕೊಡುವ ಮರಗಳು. ಒಲೆಗೆ ಹಾಕಿದವರನ್ನು ಊರವರು ಬಹಳ ವರ್ಷ ನೆನಪಿಟ್ಟುಕೊಂಡು ನಗುತ್ತಾರೆ. ಪೊಟರೆ ಇರುವ ದೊಡ್ಡ ಮರವನ್ನೂ ಬಿಡಿ, ಮಂಗಟ್ಟೆ ಹಕ್ಕಿಗೆ ಗೂಡು ಮಾಡಲು ಅಂಥದ್ದೇ ಬೇಕು, ನಿಮಗೆ ಅದರಲ್ಲಿ ಸಿಗೋದು ಅರ್ಧ ಕುಂಬು. ಬೇಲಿ ಸಾಲಿಗೆ ಗ್ಲಿರಿಸಿಡಿಯಾ, ನಮ್ಮಲ್ಲಿ ಗೊಬ್ಬರದ ಗಿಡ ಅನ್ನುತ್ತೇವೆ, ಕೋಲು ನೆಟ್ಟುಬಿಡಿ. ಸೊಪ್ಪು ತೋಟಕ್ಕೆ, ರೆಂಬೆ ಒಲೆಗೆ, ಕಡಿದಷ್ಟೂ ಚಿಗುರುತ್ತದೆ.

ಸ್ವಂತ ಜಾಗ ತಾನೇ ಅಂತ ಸುಮ್ನೆ ಕಡಿಯೋ ಹಾಗಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಖಾಸಗಿ ಜಮೀನಿಗೂ ಅನ್ವಯಿಸುತ್ತದೆ. ನೀಲಗಿರಿ, ಗಾಳಿ ಮರ, ಸಿಲ್ವರ್ ಓಕ್, ರಬ್ಬರ್, ತೆಂಗು, ಸುಬಾಬುಲ್, ಗ್ಲಿರಿಸಿಡಿಯಾ ಮೊದಲಾದವಕ್ಕೆ ವಿನಾಯಿತಿ ಇದೆ, ಉಳಿದವಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಒಣಗಿದ, ಗಾಳಿಗೆ ಬಿದ್ದ ಮರಕ್ಕೂ, ಹಳ್ಳಿ ಮನೆಯ ಸ್ವಂತ ಬಳಕೆಯ ಸೌದೆಗೂ ಅನುಮತಿ ಕೊಡಲು ಅದೇ ಕಾಯ್ದೆಯಲ್ಲಿ ಜಾಗ ಇದೆ, ಹಾಗಾಗಿ ಅರ್ಜಿ ಬರೆಯಲು ಹೆದರಬೇಡಿ. ಶ್ರೀಗಂಧ, ಬೀಟೆ, ತೇಗದ ತಂಟೆಗೆ ಮಾತ್ರ ಹೋಗಬೇಡಿ. ಮುಖ್ಯವಾಗಿ ಪಹಣಿ ತೆಗೆಸಿ ನೋಡಿ, ಅಜ್ಜ 'ನಮ್ಮ ಹಕ್ಕಲು' ಅಂತಿದ್ದದ್ದು ನಿಜವಾಗಿ ಸೊಪ್ಪಿನ ಬೆಟ್ಟವೋ, ಕಾನು ಅನ್ನುವ ದಟ್ಟ ಕಾಡೋ, ನಿಮ್ಮದೇ ಹೆಸರಿನ ಹಿಡುವಳಿಯೋ ಅಂತ. ಬೆಟ್ಟ ಆಗಿದ್ದರೆ ಸೊಪ್ಪು, ದರಕು ಅಂದ್ರೆ ಉದುರಿದ ಒಣ ಎಲೆ ತರೋ ಹಕ್ಕು ನಿಮ್ಮದು, ಜಾಗ ಸರ್ಕಾರದ್ದು. ಕಡಿದ ಸೌದೆಯನ್ನು ರಸ್ತೆ ಮೇಲೆ ಗಾಡಿಯಲ್ಲಿ ಸಾಗಿಸೋದಿದ್ದರೆ ಪಾಸ್ ಬೇಕಾ ಅಂತ ಅದೇ ಕಚೇರಿಯಲ್ಲಿ ಕೇಳಿಕೊಂಡು ಬನ್ನಿ.

ಕಾಲ ಯಾವುದು ಅಂದ್ರೆ, ಅಡಿಕೆ ಕೊಯ್ಲು ಮುಗಿದ ಮೇಲೆ. ಜನವರಿ ಕೊನೆಯಿಂದ ಶಿವರಾತ್ರಿ ಒಳಗೆ ಕೊಯ್ದು, ಒಡೆದು ಮುಗಿಸಿದರೆ ಮಾರ್ಚ್, ಏಪ್ರಿಲ್‌ನ ಬಿಸಿಲು ಪೂರ್ತಿ ಸಿಗುತ್ತದೆ. ಅಮಾವಾಸ್ಯೆ ನೋಡಿ ಕಡಿದರೆ ಹುಳ ಹಿಡಿಯುವುದಿಲ್ಲ ಅಂತ ಹಿರಿಯರು ಹೇಳುತ್ತಾರೆ. ಬಿದಿರಿಗೆ, ಮನೆ ಕೆಲಸದ ನಾಟಾ ಮರಕ್ಕೆ ಬೇಕಾದರೆ ನೋಡಿಕೊಳ್ಳಿ, ಸುಡುವ ಸೌದೆಗೆ ಪಂಚಾಂಗ ಯಾಕೆ? ಬಿಸಿಲು ನೋಡಿದರೆ ಸಾಕು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅನ್ನೋ ಗಾದೆ ಇದೆಯಲ್ಲ, ಸೌದೆ ಅಂಗಳದಲ್ಲಿ ಬಿದ್ದಿರುವವನು ಮಾತ್ರ ಆ ಮಳೆಯನ್ನು ಬೈಯುತ್ತಾನೆ. ಆ ಮಳೆ ಶುರುವಾಗೋದು ಏಪ್ರಿಲ್ ಕೊನೆಗೆ, ಅಷ್ಟರೊಳಗೆ ಎಲ್ಲ ಒಳಗೆ ಸೇರಿರಬೇಕು.

ಮರ ಉರುಳಿಸುವುದನ್ನು ಓದಿ ಕಲಿಯಬೇಡಿ. ಬೀಳುವ ಕಡೆ ಮೊದಲು ಬಾಯಿ ಕೊಯ್ಯಬೇಕು, ಹಿಂದಿನಿಂದ ಕೊಯ್ಯುವಾಗ ನಡುವೆ ಒಂದು ಪಟ್ಟಿ ಉಳಿಸಬೇಕು, ಅದೇ ಮರವನ್ನು ತಿರುಗಿಸಿ ಮಲಗಿಸುವುದು. ಇಷ್ಟು ಯಾರಾದರೂ ಹೇಳುತ್ತಾರೆ. ಆದರೆ ಒಂದು ಕಡೆ ವಾಲಿದ ಮರ ಕೊಯ್ಯುತ್ತಿದ್ದಾಗಲೇ ಉದ್ದಕ್ಕೆ ಸೀಳಿ ಹಿಂದಕ್ಕೆ ಒದೆಯುತ್ತದೆ, ಮೇಲೆ ಹಬ್ಬಿದ ಬಳ್ಳಿ ಪಕ್ಕದ ಮರದ ಒಣ ಟೊಂಗೆಯನ್ನು ತಲೆ ಮೇಲೆ ಎಳೆದು ಹಾಕುತ್ತದೆ. ಅದನ್ನು ನೋಡುವ ಕಣ್ಣು ವರ್ಷಗಟ್ಟಲೆ ಮಾಡಿದವರಿಗೆ ಮಾತ್ರ ಇರುತ್ತದೆ. ಹಾಗಾಗಿ ಮಿಷನ್ ಕೊಳ್ಳಬೇಡಿ. ಮಿಷನ್ ಇಟ್ಟುಕೊಂಡು ಕೂಲಿಗೆ ಕೊಯ್ಯುವವರು ಪ್ರತಿ ಊರಲ್ಲೂ ಇದ್ದಾರೆ, ದಿನದ ಲೆಕ್ಕದಲ್ಲಿ ಕರೆಸಿ. ಉರುಳಿಸಿ, ಒಲೆ ಬಾಯಿಯ ಅಳತೆಗೆ ತುಂಡು ಮಾಡಿಸಿಬಿಡಿ. ಹಂಡೆ ಒಲೆಗೆ ಒಂದೂವರೆ ಅಡಿ, ಅಡಿಕೆ ಒಲೆಗೆ ಮೂರಡಿ ಕುಂಟೆ. ಹತ್ತಿರದಲ್ಲಿ ಕರೆಂಟ್ ತಂತಿ ಇದ್ದರೆ ಲೈನ್‌ಮನ್‌ಗೆ ಹೇಳದೆ ಶುರು ಮಾಡಬೇಡಿ.

ಒಡೆಯೋದನ್ನು ಮಾತ್ರ ನೀವೇ ಕಲಿಯಿರಿ, ಅದರಲ್ಲಿ ಒಂದು ಖುಷಿ ಇದೆ. ನಮ್ಮಲ್ಲಿ ಸೌದೆ ಒಡೆಯಲು ಬರುವ ಹಿರಿಯರೊಬ್ಬರಿದ್ದಾರೆ, ವಯಸ್ಸಾಗಿದೆ, ಕೈ ಸಣ್ಣ, ಆದರೆ ಗಟ್ಟಿ ಮೈಯ ಹುಡುಗರಿಗಿಂತ ಜಾಸ್ತಿ ಒಡೆಯುತ್ತಾರೆ. ತುಂಡನ್ನು ನಿಲ್ಲಿಸಿದ ಕೂಡಲೇ ಹೊಡೆಯುವುದಿಲ್ಲ. ಕಾಲಿನಿಂದ ಒಂದು ಸುತ್ತು ತಿರುಗಿಸುತ್ತಾರೆ, ಕೊಯ್ದ ಮುಖದಲ್ಲಿ ತಿರುಳಿನಿಂದ ಹೊರಟ ಕೂದಲೆಳೆಯಂಥ ಬಿರುಕು ಎಲ್ಲಿದೆ ಅಂತ ಹುಡುಕುತ್ತಾರೆ, ಗಂಟು ಯಾವ ಮಗ್ಗುಲಲ್ಲಿದೆ ಅಂತ ಬೆರಳಲ್ಲಿ ಸವರಿ ನೋಡುತ್ತಾರೆ. ಆಮೇಲೆ ಆ ಬಿರುಕಿನ ಮೇಲೇ ಕೊಡಲಿ. ತುಂಡು ದಪ್ಪ ಇದ್ದರೆ ನಡುವಿಗೆ ಹೊಡೆಯುವುದೇ ಇಲ್ಲ, ಅಂಚಿನಿಂದ ಒಂದೊಂದೇ ಚಕ್ಕೆ ಎಬ್ಬಿಸುತ್ತಾ ಸುತ್ತ ಬರುತ್ತಾರೆ. ಗಂಟು ತುಂಬಿದ್ದನ್ನು ನೋಡಿದರೆ ಪಕ್ಕಕ್ಕೆ ಉರುಳಿಸಿ 'ಇದು ಅಡಿಕೆ ಒಲೆಗೆ' ಅನ್ನುತ್ತಾರೆ, ಅಷ್ಟೇ. ಹಸಿ ಇರುವಾಗಲೇ ಒಡೆಯಿರಿ, ಸಾಮಾನ್ಯವಾಗಿ ಹಸಿ ಮರ ಸುಲಭವಾಗಿ ಸೀಳುತ್ತದೆ, ಸೀಳಿದ್ದು ಬೇಗ ಒಣಗುತ್ತದೆ. ಕಬ್ಬಿಣದ ಬೆಣೆ ಬಳಸುವಾಗ ಅದನ್ನು ಹೊಡೆಯೋಕೆ ದೊಡ್ಡ ಸುತ್ತಿಗೆ ಇಟ್ಟುಕೊಳ್ಳಿ, ಕೊಡಲಿಯ ಹಿಂಬದಿಯಿಂದ ಹೊಡೆದರೆ ಕಬ್ಬಿಣದ ಚೂರು ಸಿಡಿದು ಕಣ್ಣಿಗೆ ಬೀಳಬಹುದು.

ಹೊರೋದರಲ್ಲಿ ಹೇಳುವಂಥದ್ದು ಕಡಿಮೆ. ಕಡಿದಲ್ಲೇ ಒಡೆದು, ಅಲ್ಲೇ ಕೆಲವು ವಾರ ಬಿಸಿಲಿಗೆ ಬಿಟ್ಟರೆ ತೂಕ ಎಷ್ಟೋ ಇಳಿಯುತ್ತದೆ, ಆಮೇಲೆ ಹೊತ್ತರೆ ಬೆನ್ನು ಉಳಿಯುತ್ತದೆ. ದಾರಿ ಇದ್ದರೆ ಟಿಲ್ಲರ್ ಟ್ರೈಲರ್, ಇಲ್ಲದಿದ್ದರೆ ಸಿಂಬೆ ಇಟ್ಟು ತಲೆಹೊರೆ. ಆದರೆ ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ನಾವು ಸೌದೆಗೆ ಕಾಡಿಗೆ ಹೋಗುವ ಕಾಲವೂ ಮಂಗನ ಕಾಯಿಲೆಯ ಕಾಲವೂ ಒಂದೇ, ಡಿಸೆಂಬರ್‌ನಿಂದ ಮೇ. 1957ರಲ್ಲಿ ಅದು ಮೊದಲು ಪತ್ತೆಯಾಗಿದ್ದು ನಮ್ಮದೇ ಜಿಲ್ಲೆಯ ಸೊರಬದ ಕ್ಯಾಸನೂರು ಕಾಡಿನಲ್ಲಿ. ಹರಡೋದು ಉಣುಗಿನಿಂದ, ಅಂದ್ರೆ ರಕ್ತ ಹೀರುವ ಉಣ್ಣೆಯಿಂದ, ಅದೂ ದರಕಿನಲ್ಲಿ ಇರುವ ಸಾಸಿವೆಗಿಂತ ಸಣ್ಣ ಮರಿ ಉಣುಗು, ಕಚ್ಚಿದ್ದೂ ಗೊತ್ತಾಗುವುದಿಲ್ಲ. ಆರೋಗ್ಯ ಕೇಂದ್ರದಲ್ಲಿ ಉಣುಗು ಹತ್ತದಂತೆ ತಡೆಯುವ ಡೇಪಾ ಎಣ್ಣೆ ಕೊಡುತ್ತಾರೆ, ಕೈಕಾಲಿಗೆ ಹಚ್ಚಿಕೊಂಡು ಹೋಗಿ. ತುಂಬು ತೋಳಿನ ಅಂಗಿ ಹಾಕಿ, ಪ್ಯಾಂಟಿನ ತುದಿಯನ್ನು ಸಾಕ್ಸ್ ಒಳಗೆ ಸೇರಿಸಿ. ಮನೆಗೆ ಬಂದ ತಕ್ಷಣ ಬಟ್ಟೆ ಬಿಸಿನೀರಿಗೆ ಹಾಕಿ ಸ್ನಾನ ಮಾಡಿ. ಹಕ್ಕಲಿನಲ್ಲಿ ಮಂಗ ಸತ್ತು ಬಿದ್ದದ್ದು ಕಂಡರೆ ಹತ್ತಿರ ಹೋಗದೆ ಆಶಾ ಕಾರ್ಯಕರ್ತೆಗೋ ಪಂಚಾಯ್ತಿಗೋ ತಿಳಿಸಿ, ಆ ವರ್ಷ ಆ ಕಡೆ ಸೌದೆ ಬೇಡ. ಕಾಡಿಗೆ ಹೋಗಿ ಬಂದ ಮೇಲೆ ಜೋರು ಜ್ವರ ಬಂದರೆ ಮಾತ್ರೆ ನುಂಗಿ ಕೂರಬೇಡಿ, ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಹೇಳಿ.

ಒಟ್ಟೋದು. ನೆಲಕ್ಕೆ ತಾಗಿಸಿ ಒಟ್ಟಿದರೆ ಒಂದೇ ಮಳೆಗಾಲಕ್ಕೆ ಒರಲೆ, ಅಂದ್ರೆ ಗೆದ್ದಲು, ಹತ್ತುತ್ತದೆ. ಕೆಳಗೆ ಕಲ್ಲು ಸಾಲಿಟ್ಟು, ಅದರ ಮೇಲೆ ಎರಡು ಉದ್ದ ಅಡಿಕೆ ಮರ ಅಡ್ಡ ಹಾಕಿ, ಆಮೇಲೆ ಸೌದೆ. ಗೋಡೆಯಿಂದ ಒಂದು ಗೇಣು ಬಿಡಿ, ಗಾಳಿಯೂ ಆಡುತ್ತದೆ, ಒರಲೆಯ ಮಣ್ಣಿನ ದಾರಿ ಹತ್ತಿದ್ದೂ ಕಾಣುತ್ತದೆ. ಎರಡು ತುದಿಯಲ್ಲಿ ಅಡ್ಡ ಒಂದು ಸಾಲು, ಉದ್ದ ಒಂದು ಸಾಲು ಇಟ್ಟು ಕಂಬದಂತೆ ಕಟ್ಟಿಕೊಂಡರೆ ನಡುವೆ ಸುಮ್ನೆ ಉದ್ದಕ್ಕೆ ಜೋಡಿಸುತ್ತಾ ಹೋಗಬಹುದು, ಕುಸಿಯುವುದಿಲ್ಲ. ಎದೆ ಮಟ್ಟಕ್ಕಿಂತ ಮೇಲೆ ಬೇಡ. ಕೊಟ್ಟಿಗೆ ಸಾಲದೆ ಹೊರಗೆ ಒಟ್ಟಬೇಕಾದರೆ ತಾಡಪಾಲನ್ನು ಮೇಲಕ್ಕೆ ಮಾತ್ರ ಹೊದಿಸಿ. ಸುತ್ತಲೂ ಸುತ್ತಿ ಕಟ್ಟಿದರೆ ಒಳಗೇ ಬೆವತು ಬೂಸು ಹಿಡಿಯುತ್ತದೆ.

ಒಟ್ಟುವಾಗಲೇ ಎರಡು ಪಾಲು ಮಾಡಿ. ಮುಂಗೈ ಗಾತ್ರಕ್ಕೆ ಸೀಳಿದ್ದು ಈ ಮಳೆಗಾಲಕ್ಕೆ, ದಪ್ಪ ಕುಂಟೆ ಮುಂದಿನ ವರ್ಷಕ್ಕೆ. ದಪ್ಪದ್ದು ಒಂದು ಬೇಸಿಗೆಗೆ ಒಳಗಿನವರೆಗೆ ಒಣಗುವುದಿಲ್ಲ. ಒಣಗಿದೆಯಾ ಅಂತ ನೋಡೋಕೆ ಎರಡು ತುಂಡು ತಗೊಂಡು ಒಂದಕ್ಕೊಂದು ಬಡಿಯಿರಿ, ಒಣಗಿದ್ದು ಟಣ್ ಅನ್ನುತ್ತದೆ, ಹಸಿ ಇದ್ದದ್ದು ದಪ್ ಅನ್ನುತ್ತದೆ. ಕೊಯ್ದ ಮುಖದಲ್ಲಿ ಬಿರುಕು ಬಾಯಿ ಬಿಟ್ಟಿರಬೇಕು, ತೊಗಟೆ ಉಗುರು ಹಾಕಿದರೆ ಎದ್ದು ಬರಬೇಕು. ಅತಿ ಒಣಗಿದ್ದನ್ನು ಹಿಂದಿನ ಮೂಲೆಗೆ ಇಡಿ, ಅಡಿಕೆ ಬೇಯಿಸೋದಕ್ಕೆ. ದಸರಾ ಹೊತ್ತಿಗೆ ಅಡಿಕೆ ಮನೆಗೆ ಬರುತ್ತದೆ, ಮಳೆ ಆಗಿನ್ನೂ ಪೂರ್ತಿ ಬಿಟ್ಟಿರುವುದಿಲ್ಲ. ಅಡಿಕೆ ಬೇಯಿಸುವ ಚೊಗರಿನ ನೀರು ಕುದಿಯದೆ ಹಂಡೆ ಸುತ್ತ ಜನ ಕಾದು ಕೂರೋದು ಅಂದ್ರೆ ಕೂಲಿ ದಂಡ.

ಕತ್ತಲಲ್ಲಿ ಸೌದೆ ರಾಶಿಗೆ ಕೈ ಹಾಕಬೇಡಿ. ಚೇಳು, ಕೊಳಕುಮಂಡಲ ಎಲ್ಲ ಅಲ್ಲೇ ಬೆಚ್ಚಗೆ ಇರುತ್ತವೆ. ಬೆಳಕಿದ್ದಾಗ ಕೋಲಿನಿಂದ ಒಮ್ಮೆ ಬಡಿದು, ಮೇಲಿನಿಂದ ತೆಗೆದು, ಮಾರನೇ ದಿನದ್ದನ್ನು ಒಲೆಯಿಂದ ಸ್ವಲ್ಪ ದೂರ ಇಟ್ಟುಕೊಳ್ಳಿ.

ನೀವು ಪ್ರಶ್ನೆ ಹಾಕಿದ್ದು ನವೆಂಬರ್‌ನಲ್ಲಿ, ಅಂದ್ರೆ ಈ ಸಲದ ಅಡಿಕೆ ಸುಗ್ಗಿ ಶುರುವಾಗಿಬಿಟ್ಟಿದೆ. ಈ ಸುಗ್ಗಿಯ ಸೌದೆಗೆ ಹಕ್ಕಲನ್ನು ಮುಟ್ಟಬೇಡಿ, ಹತ್ತಿರದ ಸಾಮಿಲ್ಲಿನಲ್ಲಿ ಅಂಚು ಚಕ್ಕೆ ಒಂದು ಪಿಕಪ್ ತರಿಸಿಕೊಳ್ಳಿ, ಒಣಗಿದೆಯಾ ಅಂತ ಬಡಿದು ನೋಡಿಯೇ ದುಡ್ಡು ಕೊಡಿ. ಡಿಸೆಂಬರ್‌ನಲ್ಲಿ ಪಹಣಿ, ಅರ್ಜಿ ಮತ್ತು ಕೊಟ್ಟಿಗೆ ಹೆಂಚಿನ ಕೆಲಸ ಮುಗಿಸಿ. ಕೊಯ್ಯುವವರಿಗೆ ಈಗಲೇ ಹೇಳಿ ಇಟ್ಟುಬಿಡಿ, ಫೆಬ್ರವರಿಯಲ್ಲಿ ಅವರು ಯಾರ ಕೈಗೂ ಸಿಗುವುದಿಲ್ಲ.