ಅಣ್ಣ ಕುದಿಸಿದ ಕಷಾಯ

ಗುರುತು ಸಿಗಬಾರದೆಂದು ಈ ಪ್ರಕರಣದ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಆಕೆಗೆ 46 ವರ್ಷ. ಸ್ತನ ಕ್ಯಾನ್ಸರ್, ಎರಡನೆಯ ಹಂತ. ಶಸ್ತ್ರಚಿಕಿತ್ಸೆಯೂ ಡಾಕ್ಸೊರುಬಿಸಿನ್ ಒಳಗೊಂಡ ಕಿಮೊಥೆರಪಿಯ 4 ಸುತ್ತುಗಳೂ ಮುಗಿದಿದ್ದವು. ಅದರ ನಂತರ ವಾರಕ್ಕೊಂದರಂತೆ 12 ವಾರ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಇನ್ನೊಂದು ಕಿಮೊ ಔಷಧದ ಡ್ರಿಪ್. ಐದನೆಯ ವಾರ ರಕ್ತಪರೀಕ್ಷೆಯಲ್ಲಿ ಯಕೃತ್ತಿನ ಕಿಣ್ವಗಳು ಏರಿದ್ದು ಕಂಡು ಡ್ರಿಪ್ ಮುಂದೂಡಲಾಯಿತು. ವೈದ್ಯರು ಸಲಹೆಗೆಂದು ನನ್ನ ಬಳಿ ಕಳುಹಿಸಿದ್ದು ಅದಕ್ಕಲ್ಲ. ಚೀಟಿಯಲ್ಲಿ ಇದ್ದದ್ದು "ನಿದ್ರೆ ಬರುತ್ತಿಲ್ಲ" ಎಂಬ ಒಂದೇ ಸಾಲು.

ನಿದ್ರೆಯ ಮಾತು ಹತ್ತು ನಿಮಿಷವೂ ನಡೆಯಲಿಲ್ಲ. ಎರಡು ತಿಂಗಳಿಂದ ಆಕೆ ದಿನಕ್ಕೆರಡು ಲೋಟ ಎಲೆಯ ಕಷಾಯ ಕುಡಿಯುತ್ತಿದ್ದರು. ಲಕ್ಷ್ಮಣಫಲ, ಹನುಮಫಲ ಎಂದೆಲ್ಲ ಕರೆಯುವ ಗಿಡದ ಎಲೆ. ಜೊತೆಗೆ ಯಾರೋ ಕೊಟ್ಟ, ಹೆಸರು ಬರೆಯದ ಒಂದು ಪುಡಿ. ವೈದ್ಯರಿಗೆ ಹೇಳಿರಲಿಲ್ಲ. ಈಗ ಆಕೆಯ ಅಣ್ಣ ಇನ್ನೊಂದು ಮಾತು ಶುರು ಮಾಡಿದ್ದರು: "ಡ್ರಿಪ್ ಹೇಗೂ ನಿಂತಿದೆ, ನಿಂತೇ ಇರಲಿ. ಎಲೆ ಸಾಕು."

ಅಲ್ಲಿ ನಾನು ತಪ್ಪಿದೆ. ಅಮೆರಿಕದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಅಂಕಿಗಳನ್ನು ಆಕೆಯ ಮುಂದೆ ಇಟ್ಟೆ. ವಾಸಿಯಾಗಬಲ್ಲ ಕ್ಯಾನ್ಸರ್‌ಗೆ ಪ್ರಮಾಣಿತ ಚಿಕಿತ್ಸೆಯನ್ನು ಬಿಟ್ಟು ಪರ್ಯಾಯವನ್ನಷ್ಟೇ ನಂಬಿದವರಲ್ಲಿ ಸಾವಿನ ಅಪಾಯ ಎರಡೂವರೆ ಪಟ್ಟು, ಸ್ತನ ಕ್ಯಾನ್ಸರ್‌ನಲ್ಲಿ 5 ಪಟ್ಟಿಗೂ ಹೆಚ್ಚು. ಆಕೆ ತಲೆಯಾಡಿಸಿದರು, ಮತ್ತೆ ಮಾತಾಡಲಿಲ್ಲ. ಅಂಕಿ ಸರಿಯಾದದ್ದೇ. ಆದರೆ ಆ ಹೊತ್ತಿಗೆ ಆಕೆ ಚಿಕಿತ್ಸೆಯನ್ನು ಬಿಟ್ಟವರಾಗಿರಲಿಲ್ಲ, ಎರಡನ್ನೂ ಹಿಡಿದುಕೊಂಡವರಾಗಿದ್ದರು. ಕೇಳದ ಪ್ರಶ್ನೆಗೆ ಉತ್ತರ ಕೊಟ್ಟು ಹೆದರಿಸಿದ್ದೆ ಅಷ್ಟೆ.

ಎರಡನೆಯ ಭೇಟಿಯಲ್ಲಿ ಕ್ಷಮೆ ಕೇಳಿ, ಕೇಳಬೇಕಾದದ್ದನ್ನು ಕೇಳಿದೆ: "ಆ ಕಷಾಯದಿಂದ ಗುಣವಾಗುತ್ತದೆ ಎಂದು ನಿಮಗೆ ಅನ್ನಿಸುತ್ತದೆಯೇ?"

"ಇಲ್ಲ," ಎಂದರು, ತಟ್ಟನೆ. "ಕಹಿ. ಕುಡಿದ ಮೇಲೆ ಹೊಟ್ಟೆ ತೊಳಸುತ್ತದೆ. ಆದರೆ ಅಣ್ಣ ಐದು ಗಂಟೆಗೆ ಎದ್ದು ಕುದಿಸುತ್ತಾನೆ. ಬೇಡ ಎಂದರೆ ಅವನನ್ನೇ ಬೇಡ ಎಂದ ಹಾಗೆ. ಡಾಕ್ಟರಿಗೆ ಹೇಳಿದರೆ ಅವರು ನಿಲ್ಲಿಸಿ ಎನ್ನುತ್ತಾರೆ. ಆಮೇಲೆ ಅವನ ಮುಖ ಹೇಗೆ ನೋಡಲಿ?"

ರೋಗಿಗಳು ಗಿಡಮೂಲಿಕೆಯ ವಿಷಯವನ್ನು ಮುಚ್ಚಿಡುವುದು ವೈದ್ಯರ ಬೈಗುಳಕ್ಕೆ ಹೆದರಿ ಎಂದು ನಾವು ಸುಲಭವಾಗಿ ಅಂದುಕೊಳ್ಳುತ್ತೇವೆ. ಇಲ್ಲಿ ಹಾಗಿರಲಿಲ್ಲ. ಆಸ್ಪತ್ರೆಯಲ್ಲಿ ಡ್ರಿಪ್ ಹನಿಯುವಾಗ ಅಣ್ಣನಿಗೆ ಮಾಡಲು ಏನೂ ಇರಲಿಲ್ಲ. ಒಲೆಯ ಮುಂದೆ ಇತ್ತು. ತಂಗಿ ಆ ಕೆಲಸವನ್ನು ಅವರಿಂದ ಕಿತ್ತುಕೊಳ್ಳಲಾರದೆ ಲೋಟ ಬರಿದು ಮಾಡುತ್ತಿದ್ದರು.

ಮೂರನೆಯ ಭೇಟಿಗೆ ಅಣ್ಣನನ್ನೂ ಕರೆಯಲು ಒಪ್ಪಿಗೆ ಪಡೆದೆ. ಮನೆಯಲ್ಲಿ ಕುಡಿಯುವುದು, ನುಂಗುವುದು, ಹಚ್ಚುವುದು ಎಲ್ಲವನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಬನ್ನಿ ಎಂದೆ. ಅವರು ಜಗಳಕ್ಕೆ ಸಿದ್ಧರಾಗಿಯೇ ಬಂದರು. ಕೂರುವ ಮೊದಲೇ ಮೊಬೈಲ್ ಮುಂದೆ ಹಿಡಿದರು: ಈ ಎಲೆ ಕಿಮೊಗಿಂತ 10,000 ಪಟ್ಟು ಬಲಶಾಲಿ ಎಂಬ ಸಂದೇಶ.

ಆ ಮಾತು ಗಾಳಿಯಿಂದ ಹುಟ್ಟಿದ್ದಲ್ಲ. ಈ ಗಿಡದಿಂದ ಬೇರ್ಪಡಿಸಿದ ಒಂದು ವಸ್ತುವನ್ನು ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದ ಕರುಳಿನ ಕ್ಯಾನ್ಸರ್ ಕೋಶಗಳ ಮೇಲೆ ಹಾಕಿ, ಡಾಕ್ಸೊರುಬಿಸಿನ್ ಜೊತೆ ಹೋಲಿಸಿದ್ದರು. ಬೇರ್ಪಡಿಸಿದ ಆ ವಸ್ತು ಬೇರೆ, ಎಲೆಯ ಕಷಾಯ ಬೇರೆ; ತಟ್ಟೆಯ ಮೇಲಿನ ಕೋಶ ಬೇರೆ, ಮನುಷ್ಯನ ದೇಹ ಬೇರೆ. ತಟ್ಟೆಯಲ್ಲಿ ಬ್ಲೀಚ್ ಸುರಿದರೂ ಕ್ಯಾನ್ಸರ್ ಕೋಶ ಸಾಯುತ್ತದೆ. ರೋಗಿಗಳಲ್ಲಿ ಈ ಎಲೆ ಕ್ಯಾನ್ಸರನ್ನು ಗುಣಪಡಿಸಿದೆ ಎಂದು ತೋರಿಸಿದ ಪ್ರಯೋಗವಿಲ್ಲ. ಇದಕ್ಕಿಂತ ನನ್ನನ್ನು ಕಾಡಿದ್ದು ಬೇರೊಂದು. ಈ ಗಿಡದಲ್ಲಿರುವ ಅನೊನಾಸಿನ್ ಎಂಬ ವಸ್ತು ನರಕೋಶಗಳಿಗೆ ವಿಷ. ಕೆರಿಬಿಯನ್ ದ್ವೀಪವಾದ ಗ್ವಾಡೆಲೂಪ್‌ನಲ್ಲಿ ಇದನ್ನು ಬಹುಕಾಲ ಸೇವಿಸಿದವರಲ್ಲಿ ಪಾರ್ಕಿನ್ಸನ್ ಹೋಲುವ ಕಾಯಿಲೆಗೂ ಇದಕ್ಕೂ ನಂಟು ಕಂಡುಬಂದಿದೆ. ಪ್ಯಾಕ್ಲಿಟ್ಯಾಕ್ಸೆಲ್ ಕೂಡ ನರಗಳನ್ನು ಬಾಧಿಸುವ ಔಷಧ. ಆಕೆಯ ಬೆರಳತುದಿಗಳು ಆಗಲೇ ಜೋಮು ಹಿಡಿಯುತ್ತಿದ್ದವು.

ಇದನ್ನೆಲ್ಲ ಹೇಳುವ ಮೊದಲು ಅಣ್ಣನಿಗೆ ತಂಗಿಯ ಕಡತದಲ್ಲಿದ್ದ ಪ್ಯಾಕ್ಲಿಟ್ಯಾಕ್ಸೆಲ್ ಹೆಸರು ತೋರಿಸಿ, "ಇದು ಎಲ್ಲಿಂದ ಬಂತು ಗೊತ್ತೇ?" ಎಂದೆ. ಕಾರ್ಖಾನೆ ಎಂದರು. ಮರದ ತೊಗಟೆ ಎಂದೆ. ಅಮೆರಿಕದ ಪೆಸಿಫಿಕ್ ಯೂ ಮರದಿಂದ 1962ರಲ್ಲಿ ತೊಗಟೆ ಸಂಗ್ರಹಿಸಿದರು. ವಿಜ್ಞಾನಿಗಳಾದ ಮನ್ರೋ ವಾಲ್ ಮತ್ತು ಮನ್‌ಸುಖ್ ವಾಣಿ ಅದರೊಳಗಿನ ವಸ್ತುವಿನ ರಚನೆಯನ್ನು 1971ರಲ್ಲಿ ಪ್ರಕಟಿಸಿದರು. ಅದು ಕೋಶ ವಿಭಜನೆಯನ್ನು ತಡೆಯುವ ಬಗೆಯನ್ನು ಸೂಸನ್ ಹಾರ್ವಿಟ್ಜ್ 1979ರಲ್ಲಿ ತೋರಿಸಿದರು. ಅಮೆರಿಕದಲ್ಲಿ ಮಂಜೂರಾದದ್ದು 1992ರಲ್ಲಿ. 30 ವರ್ಷ. ಹಾಗೆಂದು ಯೂ ಜಾತಿಯ ಮರದ ಎಲೆಯನ್ನು ಕಿತ್ತು ತಿಂದರೆ ಹೃದಯವೇ ನಿಲ್ಲಬಹುದು. ನಿತ್ಯಪುಷ್ಪದ ಕಥೆಯೂ ಹೇಳಿದೆ. ಮಧುಮೇಹಕ್ಕೆಂದು ಅದರ ಎಲೆಯನ್ನು ಪರೀಕ್ಷಿಸಲು ಹೊರಟವರಿಗೆ ಇಲಿಗಳ ಬಿಳಿ ರಕ್ತಕಣ ಕುಸಿದದ್ದು ಕಂಡಿತು; ಆ ಜಾಡು ಹಿಡಿದು ಕ್ಯಾನ್ಸರ್ ಔಷಧವಾದ ವಿನ್‌ಬ್ಲಾಸ್ಟಿನ್ ಸಿಕ್ಕಿತು, ಅದೇ ಗಿಡದಿಂದ ಮುಂದೆ ವಿನ್‌ಕ್ರಿಸ್ಟಿನ್. ಮಕ್ಕಳ ರಕ್ತ ಕ್ಯಾನ್ಸರ್‌ಗೆ ಅದನ್ನು ಇಂದಿಗೂ ಮಿಲಿಗ್ರಾಂ ಲೆಕ್ಕದಲ್ಲಿ ರಕ್ತನಾಳಕ್ಕೆ ಕೊಡುತ್ತಾರೆ. ತಪ್ಪಿ ಬೆನ್ನುಹುರಿಯ ದ್ರವಕ್ಕೆ ಸೇರಿದರೆ ಅದೇ ಪ್ರಾಣಾಂತಿಕ.

ಅಣ್ಣ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: "ಹಾಗಾದರೆ ನನ್ನ ಎಲೆಯಿಂದಲೇ ಅವಳ ಲಿವರ್ ಕೆಟ್ಟಿತೇ?"

ಗೊತ್ತಾಗುವುದಿಲ್ಲ ಎಂದೆ. ಪ್ಯಾಕ್ಲಿಟ್ಯಾಕ್ಸೆಲ್‌ನಿಂದಲೂ ಕಿಣ್ವಗಳು ಏರುತ್ತವೆ. ಆದರೆ ಕಷಾಯದ ಸುದ್ದಿಯೇ ಗೊತ್ತಿಲ್ಲದ ವೈದ್ಯರು ತಪ್ಪನ್ನೆಲ್ಲ ಔಷಧದ ತಲೆಗೆ ಕಟ್ಟಿ ಅದರ ಪ್ರಮಾಣವನ್ನು ಇಳಿಸಬಹುದು. ಆಗ ಕೆಲಸ ಮಾಡುವ ಔಷಧ ಕಡಿಮೆಯಾಗಿ, ಕೆಲಸ ಮಾಡದ್ದು ಉಳಿದುಕೊಳ್ಳುತ್ತದೆ.

ಕೊಟ್ಟ ಸಲಹೆ ಇಷ್ಟು. ಚೀಲವನ್ನು ಹಾಗೆಯೇ ವೈದ್ಯರ ಮುಂದೆ ಇಡಿ. ಯಾವಾಗಿನಿಂದ, ಎಷ್ಟು, ಕೊನೆಯ ಲೋಟ ಯಾವತ್ತು ಎಂಬುದನ್ನು ಬರೆದುಕೊಂಡು ಹೋಗಿ. ಅವರು ನೋಡುವವರೆಗೆ ಕಷಾಯ, ಪುಡಿ ಎರಡೂ ಬೇಡ. ಹೆಸರಿಲ್ಲದ ಪುಡಿ ಎಂದೆಂದಿಗೂ ಬೇಡ. ಉಳಿದ ಡ್ರಿಪ್‌ಗಳನ್ನು ಬಿಡುವ ಯೋಚನೆಯಿದ್ದರೆ ಅದನ್ನೂ ಅವರ ಮುಂದೆಯೇ ಆಡಿ. ಕಹಿಯಾದರೆ ಅಣ್ಣನಿಗೆ ನೇರವಾಗಿ ಹೇಳಿ. ಇದು ತಂಗಿಗೆ. ಅಣ್ಣನಿಗೆ ಒಂದು ಥರ್ಮಾಮೀಟರ್, ಒಂದು ನೋಟ್‌ಪುಸ್ತಕ: ದಿನಕ್ಕೆರಡು ಬಾರಿ ಜ್ವರ ನೋಡಿ, 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಬೆಳಗಿನವರೆಗೆ ಕಾಯದೆ ಆಸ್ಪತ್ರೆಗೆ ಕರೆ ಮಾಡಿ. ಕಿಮೊ ನಡೆಯುವಾಗ ಪ್ರಾಣ ಉಳಿಸುವ ಕೆಲಸ ಅದು, ಸಮಾಧಾನಕ್ಕೆ ಹೇಳಿದ್ದಲ್ಲ.

ವೈದ್ಯರು ಬೈಯಲಿಲ್ಲ. ಎರಡು ವಾರದಲ್ಲಿ ಕಿಣ್ವಗಳು ಇಳಿದವು, ಪೂರ್ಣ ಪ್ರಮಾಣದಲ್ಲೇ ಡ್ರಿಪ್ ಮುಂದುವರಿಯಿತು. ಯಾವುದರಿಂದ ಏರಿತ್ತು ಎಂಬುದು ಕೊನೆಗೂ ತಿಳಿಯಲಿಲ್ಲ.

ಹನ್ನೆರಡನೆಯ ವಾರದ ನಂತರ ಇಬ್ಬರೂ ಬಂದಿದ್ದರು. ಮುಂದೆ, ಕ್ಯಾನ್ಸರ್ ಮರಳದಂತೆ ತಡೆಯಲು ಕೊಡುವ ಟ್ಯಾಮಾಕ್ಸಿಫೆನ್ ಮಾತ್ರೆ. ಅಣ್ಣನ ಪುಸ್ತಕದಲ್ಲಿ ಜ್ವರದ ಕಾಲಂ ಮುಗಿದು ಕೊನೆಯ ಪುಟದಲ್ಲಿ ಒಂದು ಪ್ರಶ್ನೆ: "ಈಗಲಾದರೂ ಅರಿಶಿನದ ಕ್ಯಾಪ್ಸೂಲ್ ಕೊಡಬಹುದೇ?" ಅರಿಶಿನದ ಕರ್ಕ್ಯುಮಿನ್ ಜೊತೆ ಕರಿಮೆಣಸಿನ ಪೈಪರಿನ್ ಸೇರಿಸಿ ಕೊಟ್ಟಾಗ ಟ್ಯಾಮಾಕ್ಸಿಫೆನ್‌ನ ಸಕ್ರಿಯ ರೂಪ ರಕ್ತದಲ್ಲಿ ಕಡಿಮೆಯಾದದ್ದು ಕಂಡಿದೆ ಎಂದೆ; ಕೊಳ್ಳುವ ಮೊದಲು ವೈದ್ಯರನ್ನು ಕೇಳಿ ಎಂದೂ ಸೇರಿಸಿದೆ. ತಂಗಿ ಪುಸ್ತಕ ತೆಗೆದುಕೊಂಡು, ಜೋಮು ಹಿಡಿದ ಬೆರಳುಗಳಲ್ಲಿ ಪೆನ್ನನ್ನು ಎರಡು ಸಲ ಜಾರಿಸಿಕೊಂಡು, ಪ್ರಶ್ನೆಯ ಪಕ್ಕದಲ್ಲಿ ಮುಂದಿನ ಭೇಟಿಯ ದಿನಾಂಕ ಬರೆದರು.