ಮಂಡ್ಯ–ಮೈಸೂರಲ್ಲೇ ಇದ್ದು ಪ್ರೋಗ್ರಾಮಿಂಗ್ ನಂಬಿಕೊಂಡು ಸಂಸಾರ ನಡೆಸಬಹುದಾ?

ನಿಮ್ಮ ಪ್ರಶ್ನೆ ಓದಿದೆ. ಊರು ಮಂಡ್ಯ, ಬೆಂಗಳೂರಲ್ಲಿ ನಾಲ್ಕು ವರ್ಷದಿಂದ ಜಾವಾ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವ ಕೆಲಸ, ಮನೆಯಲ್ಲಿ ತಂದೆಗೆ ಹುಷಾರಿಲ್ಲ, ಊರ ಕಡೆ ಬಂದುಬಿಡಬೇಕು. ಆದರೆ ಗೊತ್ತಿರುವುದು ಪ್ರೋಗ್ರಾಂ ಬರೆಯುವುದೊಂದೇ, ಅದನ್ನು ನಂಬಿ ಇಲ್ಲಿ ಬದುಕಬಹುದಾ ಅಂತ ಕೇಳಿದ್ದೀರಿ. ಬದುಕಬಹುದು. ನಾನು ಮೈಸೂರಿನ ಕುವೆಂಪುನಗರದಲ್ಲಿ ಕೂತು ಅದನ್ನೇ ಮಾಡುತ್ತಿದ್ದೇನೆ, ಗಿರಾಕಿಗಳಲ್ಲಿ ಅರ್ಧ ಮಂದಿ ನಿಮ್ಮ ಮಂಡ್ಯ ಕಡೆಯವರು. ಒಂದು ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇನೆ: ಇಲ್ಲಿ ಕೋಡ್ ಬರೆದಿದ್ದಕ್ಕೆ ಸಿಗುವ ಕಾಸು ಕಮ್ಮಿ. ಬರೆದುಕೊಟ್ಟ ಮೇಲೂ ಈ ಮನುಷ್ಯ ಫೋನ್ ಎತ್ತುತ್ತಾನೆ, ಬಂದು ನೋಡುತ್ತಾನೆ ಅನ್ನುವ ಧೈರ್ಯಕ್ಕೆ ಜನ ದುಡ್ಡು ಕೊಡುತ್ತಾರೆ.

ಸಂಬಳದ ಕೆಲಸವೇ ಬೇಕು ಅಂತಿದ್ದರೆ ಮೈಸೂರನ್ನು ಒಮ್ಮೆ ಸರಿಯಾಗಿ ಜಾಲಾಡಿ. ಹೆಬ್ಬಾಳದಲ್ಲಿ ಇನ್ಫೋಸಿಸ್ ಇರುವುದು ಎಲ್ಲರಿಗೂ ಗೊತ್ತು. ಎಲ್ ಅಂಡ್ ಟಿ ಟೆಕ್ನಾಲಜಿ ಸರ್ವಿಸಸ್ ಇದೆ, ಪರೀಕ್ಷೆ ಮತ್ತು ಕಲಿಕೆಯ ಸಾಫ್ಟ್‌ವೇರ್ ಮಾಡುವ ಎಕ್ಸೆಲ್‌ಸಾಫ್ಟ್ ಇಲ್ಲಿಯದೇ ಕಂಪನಿ. ಇವಲ್ಲದೆ ಮನೆಯ ಮಹಡಿಯಲ್ಲಿ ಹತ್ತು ಜನರನ್ನು ಕೂರಿಸಿಕೊಂಡು ಹೊರದೇಶದ ಕೆಲಸ ಮಾಡುವ ಸಣ್ಣ ಕಂಪನಿಗಳು ಬೇಕಾದಷ್ಟಿವೆ. ಸಂಬಳ ಬೆಂಗಳೂರಿನಷ್ಟು ಸಿಗದು, ಬಾಡಿಗೆಯೂ ಅಷ್ಟಿಲ್ಲ. ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್, ರೈಲಿಗೆ ಪಾಸ್ ಮಾಡಿಸಿಕೊಂಡು ಓಡಾಡುವವರು ಎಷ್ಟೋ ಜನ. ಬೈಕಿನಲ್ಲಿ ಹೋಗಿಬರುತ್ತೇನೆ ಅಂದರೆ ನೆನಪಿರಲಿ, 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ ಬೈಕ್ ಬಿಡುವುದಿಲ್ಲ, ಸರ್ವಿಸ್ ರಸ್ತೆಯೇ ಗತಿ.

ಈಗ ನನ್ನ ದಾರಿಗೆ ಬರುತ್ತೇನೆ. ಮಂಡ್ಯದ ಎಪಿಎಂಸಿಯಲ್ಲಿ ಬೆಲ್ಲದ ಮಂಡಿ ಇಟ್ಟಿರುವ ಒಬ್ಬರಿಗೆ ಪಟ್ಟಿ, ಅಂದರೆ ರೈತನಿಗೆ ಕೊಡುವ ಲೆಕ್ಕದ ಚೀಟಿ, ಬರೆಯುವ ಪ್ರೋಗ್ರಾಂ ಮಾಡಿಕೊಟ್ಟಿದ್ದೇನೆ. ಕೇಳಿದರೆ ಒಂದು ವಾರದ ಕೆಲಸ ಅನ್ನಿಸುತ್ತದೆ: ರೈತನ ಹೆಸರು, ಊರು, ಬೆಲ್ಲದ ಬಗೆ, ತೂಕ, ಕ್ವಿಂಟಾಲಿಗೆ ದರ, ಗುಣಿಸು, ಹಮಾಲಿ ಕಳಿ, ಆಲೆಮನೆಗೆ ಕೊಟ್ಟ ಮುಂಗಡ ಮುರಿದುಕೋ, ಪಟ್ಟಿ ಕೊಡು. ಗದ್ದಿಗೆ ಪಕ್ಕದಲ್ಲಿ ಒಂದು ಬೆಳಗ್ಗೆ ಕೂತು ನೋಡಿದರೆ ಗೊತ್ತಾಗುತ್ತದೆ. ಒಂದೇ ಗಾಡಿಯಲ್ಲಿ ಅಚ್ಚು ಬೆಲ್ಲ, ಕುರಿಕಟ್ಟು, ಬಕೆಟ್ ಮೂರೂ ಬಂದಿರುತ್ತವೆ, ಮೂರಕ್ಕೂ ಬೇರೆ ಬೇರೆ ದರ. ಮುಂಗಡ ಎರಡು ಮೂರು ಸಲ ಹೋಗಿರುತ್ತದೆ. ರೈತ ಬಂದವನೇ "ಅಣ್ಣೋ, ಈ ಸತಿ ಪೂರ್ತಿ ಮುರ್ಕಬ್ಯಾಡಿ, ಮಗಳ ಮದ್ವೆ ಅದೆ" ಅಂತಾನೆ. ಸಾಲದ ಲೆಕ್ಕವನ್ನು ಕಂಪ್ಯೂಟರೇ ತಾನಾಗಿ ಮುರಿದುಹಾಕುವ ಹಾಗೆ ಬರೆದರೆ ಆ ಮಂಡಿಗೆ ಮರುವಾರದಿಂದ ಗಾಡಿ ಬರುವುದಿಲ್ಲ. ಎಷ್ಟು ಮುರಿಯಬೇಕು ಅನ್ನುವುದು ಇಬ್ಬರೂ ಎದುರುಬದುರು ಕೂತು ಆಡುವ ಮಾತು, ಪ್ರೋಗ್ರಾಂ ಅಲ್ಲಿ ಸುಮ್ಮನೆ ಒಂದು ಖಾಲಿ ಜಾಗ ಬಿಟ್ಟು ಬಾಕಿ ಎಷ್ಟು ಅಂತ ತೋರಿಸಿದರೆ ಸಾಕು.

ಪಟ್ಟಿ ಕನ್ನಡದಲ್ಲೇ ಬರಬೇಕು. ಇಲ್ಲಿ ನಿಜವಾದ ತಲೆನೋವು. ಅಂಗಡಿಗಳಲ್ಲಿರುವ ಥರ್ಮಲ್ ಪ್ರಿಂಟರ್‌ಗೆ ಇಂಗ್ಲಿಷ್ ಅಕ್ಷರ ಕಳಿಸಿದರೆ ತಾನೇ ಬರೆಯುತ್ತದೆ, ಕನ್ನಡಕ್ಕೆ ಅದರೊಳಗೆ ಅಕ್ಷರವೂ ಇಲ್ಲ, ಒತ್ತು ಜೋಡಿಸುವ ಬುದ್ಧಿಯೂ ಇಲ್ಲ. ಹಾಗಾಗಿ ಇಡೀ ಪಟ್ಟಿಯನ್ನು ಮೊದಲು ಕಂಪ್ಯೂಟರಿನಲ್ಲೇ ಚಿತ್ರ ಮಾಡಿ, ಆ ಚಿತ್ರವನ್ನು ಚುಕ್ಕೆಗಳಾಗಿ ಕಳಿಸಬೇಕು. 80 ಮಿಲಿಮೀಟರ್ ಕಾಗದದ ಸಾಮಾನ್ಯ ಪ್ರಿಂಟರಿನಲ್ಲಿ ಸಾಲಿಗೆ 576 ಚುಕ್ಕೆ, 58ರ ಸಣ್ಣದರಲ್ಲಿ 384. ಹಳೇ ಗಿರಾಕಿಗಳ ಹೆಸರುಗಳು ಹಳೇ ನುಡಿ ಫಾಂಟಿನಲ್ಲಿದ್ದರೆ ಇನ್ನೊಂದು ಗೋಳು. ಅದು ಈಗ ಎಲ್ಲ ಕಂಪ್ಯೂಟರುಗಳೂ ಒಪ್ಪಿರುವ ಯೂನಿಕೋಡ್ ಅಲ್ಲ, ಕಣ್ಣಿಗೆ ಕಂಡ ಕ್ರಮದಲ್ಲಿ ಅಕ್ಷರ ಕೂತಿರುತ್ತವೆ. 'ಸೂರ್ಯ' ಅನ್ನುವುದರ ಅರ್ಕಾವತ್ತು ಅಲ್ಲಿ ಯಕಾರ ಆದಮೇಲೆ ಬರುತ್ತದೆ, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಬರೀ ಅಕ್ಷರಕ್ಕೆ ಅಕ್ಷರ ಬದಲಾಯಿಸಿದರೆ ಹೆಸರುಗಳೆಲ್ಲ ಕಿತ್ತುಹೋಗುತ್ತವೆ, ಹುಡುಕಿದರೆ ಒಂದೂ ಸಿಗುವುದಿಲ್ಲ. ಬೆಂಗಳೂರಿನ ದೊಡ್ಡ ಕಂಪನಿಯ ಬಿಲ್ಲಿಂಗ್ ಸಾಫ್ಟ್‌ವೇರ್ ಇವರಿಗೆ ಅಗ್ಗಕ್ಕೇ ಸಿಗುತ್ತದೆ, ಆದರೆ ಇಷ್ಟು ಸಣ್ಣ ಕೆಲಸಕ್ಕೆ ಆ ಕಂಪನಿಯವರು ಮಂಡ್ಯಕ್ಕೆ ಬರುತ್ತಾರಾ? ನಮ್ಮ ಅನ್ನ ಇರುವುದೇ ಆ ಸಂದಿಯಲ್ಲಿ.

ದುಡ್ಡಿನ ವಿಷಯ. ಪ್ರೋಗ್ರಾಮಿಗೆ ಒಂದು ಬೆಲೆ, ಆಮೇಲೆ ವರ್ಷ ವರ್ಷ ಎಎಂಸಿ (ನೋಡಿಕೊಳ್ಳುವ ಶುಲ್ಕ), ಬೆಲೆಯ ಶೇ. 15ರಿಂದ 20ರಷ್ಟು ಕೇಳುವುದು ಈ ಕಸುಬಿನಲ್ಲಿ ರೂಢಿ. ಎಎಂಸಿ ಮಾತು ಎತ್ತಿದ ತಕ್ಷಣ "ಅಲ್ಲಾ ಸಾ, ಒಂದ್ಸತಿ ದುಡ್ ಕೊಟ್ಟಾಯ್ತಲ್ಲ, ಮತ್ಯಾಕೆ?" ಅನ್ನುತ್ತಾರೆ. ಜಗಳ ಮಾಡಬೇಡಿ. ಮೊದಲ ವರ್ಷ ಪುಕ್ಕಟೆ ನೋಡಿಕೊಳ್ಳಿ, ಹೋದ ಪ್ರತಿ ಸಲವೂ ಒಂದು ಚೀಟಿಯಲ್ಲಿ ದಿನಾಂಕ, ಮಾಡಿದ ಕೆಲಸ ಬರೆದು ಸಹಿ ಹಾಕಿಸಿಕೊಳ್ಳಿ. ವರ್ಷ ತುಂಬಿದಾಗ ಆ ಚೀಟಿಗಳನ್ನು ಮೇಜಿನ ಮೇಲಿಟ್ಟರೆ ಮಾತು ಬೇಗ ಮುಗಿಯುತ್ತದೆ. ಮುಂಗಡ ಅರ್ಧ ಬಾರದೆ ಕೆಲಸ ಶುರು ಮಾಡಬೇಡಿ. ಒಂದು ಕಲ್ಯಾಣ ಮಂಟಪದವರು ಬುಕಿಂಗ್ ಪ್ರೋಗ್ರಾಂ ಮಾಡಿಸಿಕೊಂಡು, ಎರಡು ಲಗ್ನದ ಸೀಸನ್ ಓಡಿಸಿ, "ಮ್ಯಾನೇಜರ್ ಬದಲಾದ್ರು" ಅಂತ ನನಗೆ ಬಾಕಿ ಇನ್ನೂ ಕೊಟ್ಟಿಲ್ಲ.

ಈಗ ಲೆಕ್ಕ ಹಾಕಿ. 30 ಸಾವಿರದ ಪ್ರೋಗ್ರಾಂ, ಶೇ. 20 ಎಎಂಸಿ ಅಂದರೆ ವರ್ಷಕ್ಕೆ 6 ಸಾವಿರ. ತಿಂಗಳಿಗೆ 40 ಸಾವಿರ ಬರಬೇಕಾದರೆ ಅಂಥ 80 ಗಿರಾಕಿ ಬೇಕು. ಒಬ್ಬನೇ 80 ಅಂಗಡಿ ನೋಡಿಕೊಳ್ಳಲು ಆಗುವುದಿಲ್ಲ. ಆದ್ದರಿಂದ ಬರೀ ಇದನ್ನೇ ನಂಬಿ ಬರಬೇಡಿ, ಇದು ಮನೆ ಖರ್ಚಿನ ಒಂದು ಪಾಲು ಅಷ್ಟೆ.

ಇದೇ ಬಗೆಯಲ್ಲಿ ಸ್ವಲ್ಪ ಹೆಚ್ಚು ಕಾಸಿರುವುದು ಟ್ಯಾಲಿ ಅನ್ನುವ ಲೆಕ್ಕದ ಪ್ರೋಗ್ರಾಮಿನ ಸುತ್ತ. ಮಂಡ್ಯ, ಮದ್ದೂರು, ನಂಜನಗೂಡು ಎಲ್ಲಿ ಹೋದರೂ ಲೆಕ್ಕ ಟ್ಯಾಲಿಯಲ್ಲೇ. ಅದಕ್ಕೆ ಬೇಕಾದ ಬದಲಾವಣೆ ಬರೆಯಲು ಟಿಡಿಎಲ್ ಅನ್ನುವ ಭಾಷೆ ಇದೆ; ಜಾವಾ ಬರೆದ ಕೈಗೆ ಮೊದಮೊದಲು ವಿಚಿತ್ರ ಅನ್ನಿಸುತ್ತದೆ, ಆದರೆ ಕಲಿತವರು ಕಮ್ಮಿ, ಕೇಳುವವರು ಜಾಸ್ತಿ. ಗಿರಾಕಿ ಹುಡುಕಲು ಜಾಹೀರಾತು ಕೊಡಬೇಡಿ, ಆಡಿಟರ್ ಆಫೀಸುಗಳಿಗೆ ಹೋಗಿ. ಯಾರ ಅಂಗಡಿಯಲ್ಲಿ ಯಾವ ಲೆಕ್ಕ ಕೂಡಿಬರುತ್ತಿಲ್ಲ ಅಂತ ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ನನಗೆ ಬರುವ ಹೊಸ ಕೆಲಸದಲ್ಲಿ ಹೆಚ್ಚಿನದು ಸರಸ್ವತಿಪುರಂನ ಒಬ್ಬ ಆಡಿಟರ್ ಬಾಯಿಂದ.

ಸರ್ಕಾರ ನಿಯಮ ಬದಲಾಯಿಸಿದಾಗೆಲ್ಲ ನಮಗೆ ಕೆಲಸ. 2023ರ ಆಗಸ್ಟ್ 1ರಿಂದ 5 ಕೋಟಿ ಮೇಲೆ ವಹಿವಾಟು ಇರುವವರಿಗೆ ಇ-ಇನ್‌ವಾಯ್ಸ್ (ಬಿಲ್ಲನ್ನು ಸರ್ಕಾರದ ಪೋರ್ಟಲ್‌ನಲ್ಲಿ ದಾಖಲಿಸುವುದು) ಕಡ್ಡಾಯ ಆಯಿತು, ಅದನ್ನು ಹಳೇ ಬಿಲ್ಲಿಂಗ್‌ಗೆ ಜೋಡಿಸುವುದರಲ್ಲೇ ಹಲವರ ಒಂದು ವರ್ಷ ಕಳೆಯಿತು. 2025ರ ಸೆಪ್ಟೆಂಬರ್ 22 ಅಂತೂ ಮರೆಯುವ ಹಾಗಿಲ್ಲ. ಅವತ್ತು ಬೆಳಗ್ಗೆ ಚಾಮುಂಡಿ ಬೆಟ್ಟದಲ್ಲಿ ಬಾನು ಮುಷ್ತಾಕ್ ದಸರಾ ಉದ್ಘಾಟನೆ ಮಾಡುತ್ತಿದ್ದರು, ಊರೆಲ್ಲ ಟಿವಿ ಮುಂದೆ. ಅದೇ ದಿನ ಜಿಎಸ್‌ಟಿಯ ಶೇ. 12 ಮತ್ತು (ತಂಬಾಕಿನಂಥವು ಬಿಟ್ಟು) 28ರ ದರಗಳು ಹೋಗಿ ಸಿಮೆಂಟು, ದೊಡ್ಡ ಟಿವಿ, ಎಸಿ ಎಲ್ಲ 28ರಿಂದ 18ಕ್ಕೆ ಇಳಿದವು. ಹಾರ್ಡ್‌ವೇರ್ ಅಂಗಡಿಯವರ ಫೋನ್ ಮೇಲೆ ಫೋನ್. ಎಷ್ಟೋ ಪ್ರೋಗ್ರಾಂಗಳಲ್ಲಿ ಸರಕಿನ ಪಕ್ಕದಲ್ಲೇ ದರ ಬರೆದಿಟ್ಟಿರುತ್ತಾರೆ. ಅಲ್ಲಿ 28 ಅಳಿಸಿ 18 ಮಾಡಿದರೆ ಹೊಸ ಬಿಲ್ ಸರಿ. ಆದರೆ 20ನೇ ತಾರೀಕು ಕೊಂಡ ಸಿಮೆಂಟನ್ನು ಗಿರಾಕಿ ವಾಪಸ್ ತಂದರೆ ಆ ಹಳೇ ಬಿಲ್ಲೂ 18ಕ್ಕೆ ತಿರುಗಿಬಿಡುತ್ತದೆ, ವಾಪಸಿಗೆ ಕೊಡುವ ಕ್ರೆಡಿಟ್ ನೋಟ್ ತಪ್ಪುತ್ತದೆ. ಯಾವ ದಿನದಿಂದ ಯಾವ ದರ ಅಂತ ಬೇರೆ ಕೋಷ್ಟಕ ಇಟ್ಟು, ಬಿಲ್ಲಿನ ದಿನಾಂಕ ನೋಡಿ ದರ ಎತ್ತಿಕೊಳ್ಳುವ ಹಾಗೆ ಬರೆದಿದ್ದವರು ಆ ವಾರ ಒಂದೊಂದು ಸಾಲು ಸೇರಿಸಿ ದಸರಾ ನೋಡಲು ಹೋದರು. ಇದು ನಿಮಗೆ ಕಾಲೇಜಲ್ಲೇ ಹೇಳಿಕೊಟ್ಟಿರುತ್ತಾರೆ, ಅಂಗಡಿಯಲ್ಲಿ ಅದಕ್ಕೆ ಬೆಲೆ ಬರುವುದು ಇಂಥ ದಿನ.

ಉಳಿದ ಪಾಲಿಗೆ ದೂರದ ಕಾಂಟ್ರಾಕ್ಟ್ ಕೆಲಸ ಬೇಕೇ ಬೇಕು. ಬಿಡಿ ಕೆಲಸ ಸಿಗುವ ಅಪ್‌ವರ್ಕ್‌ನಂಥ ವೆಬ್‌ಸೈಟುಗಳಲ್ಲಿ ಹೊಸಬರು ದರ ಇಳಿಸಿ ಇಳಿಸಿ ಸುಸ್ತಾಗುತ್ತಾರೆ. ನಾಲ್ಕು ವರ್ಷ ಕೆಲಸ ಮಾಡಿದ್ದೀರಿ, ಜೊತೆಗಿದ್ದವರು ಬೇರೆ ಬೇರೆ ಕಂಪನಿಗೆ ಹೋಗಿರುತ್ತಾರೆ, ಅವರಿಗೆ ಫೋನ್ ಮಾಡಿ. ಒಬ್ಬ ಹಳೇ ಸಹೋದ್ಯೋಗಿ ಕೊಡಿಸುವ ಕೆಲಸ ನೂರು ಅರ್ಜಿಗೆ ಸಮ. ಅಮೆರಿಕದವರಾದರೆ ಮೀಟಿಂಗ್ ರಾತ್ರಿ, ಹಗಲು ಮಂಡಿ ಕೆಲಸಕ್ಕೆ ಬಿಡುವು ಸಿಗುತ್ತದೆ. ಮನೆಗೆ ಎರಡು ಬೇರೆ ಕಂಪನಿಯ ಇಂಟರ್‌ನೆಟ್, ಒಂದು ಒಳ್ಳೇ ಯುಪಿಎಸ್. ಸೆಸ್ಕ್‌ನವರು ಲೈನ್ ರಿಪೇರಿ ಅಂತ ಇಡೀ ದಿನ ಕರೆಂಟ್ ತೆಗೆಯುವುದುಂಟು.

ತೆರಿಗೆಗೆ ಹೆದರಬೇಡಿ. ಐಟಿ ವೃತ್ತಿಯವರಿಗೆ 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ 44ಎಡಿಎ ಅಂತ ಒಂದು ಅನುಕೂಲ ಇತ್ತು: ಬಂದ ಹಣದಲ್ಲಿ ಅರ್ಧವನ್ನು ಲಾಭ ಅಂತ ತೋರಿಸಿದರೆ ಖರ್ಚಿನ ಪುಸ್ತಕ ಕೇಳುವುದಿಲ್ಲ, ನಗದು ಶೇ. 5 ಮೀರದಿದ್ದರೆ 75 ಲಕ್ಷದವರೆಗೆ. 2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆ, ಸೆಕ್ಷನ್ ಸಂಖ್ಯೆಗಳು ಬೇರೆ, ಆಡಿಟರ್ ಹತ್ತಿರ ಕೇಳಿಕೊಳ್ಳಿ. ಇಲ್ಲಿನ ಕಂಪನಿಗಳು ವೃತ್ತಿ ಶುಲ್ಕದಲ್ಲಿ ಶೇ. 10 ಟಿಡಿಎಸ್ (ಮೊದಲೇ ಮುರಿಯುವ ತೆರಿಗೆ) ಹಿಡಿದು ಕೊಡುತ್ತವೆ, ಅದು ರಿಟರ್ನ್ ಹಾಕುವಾಗ ಲೆಕ್ಕಕ್ಕೆ ಬರುತ್ತದೆ. ಸೇವೆಗೆ ಜಿಎಸ್‌ಟಿ ನೋಂದಣಿ ಮಿತಿ ವರ್ಷಕ್ಕೆ 20 ಲಕ್ಷ. ನೋಂದಣಿ ಮಾಡಿಸಿದ ಮೇಲೆ ಹೊರದೇಶದ ಗಿರಾಕಿಗೆ ಬಿಲ್ ಮಾಡುವ ಮೊದಲು ಎಲ್‌ಯುಟಿ ಅನ್ನುವ ಮುಚ್ಚಳಿಕೆ ಕೊಟ್ಟಿಟ್ಟರೆ ಅದಕ್ಕೆ ತೆರಿಗೆ ಕಟ್ಟಬೇಕಿಲ್ಲ.

ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿಟ್ಟ ಸಾಫ್ಟ್‌ವೇರ್) ಮಾಡಿ ಬದುಕಬಹುದಾ ಅಂತಲೂ ಕೇಳಿದ್ದೀರಿ. ಬಿಟ್ಟಿ ಕೊಡುವ ಸಾಫ್ಟ್‌ವೇರಿಂದ ದುಡ್ಡು ಬರುವುದು ಹೊಸದೇನಲ್ಲ, 1985ರ ಹೊತ್ತಿಗೇ ಮುಕ್ತ ಸಾಫ್ಟ್‌ವೇರ್ ಚಳವಳಿಯ ರಿಚರ್ಡ್ ಸ್ಟಾಲ್‌ಮನ್ ಈಮ್ಯಾಕ್ಸ್ ಅನ್ನುವ ತಮ್ಮ ಪ್ರೋಗ್ರಾಮಿನ ಟೇಪನ್ನು 150 ಡಾಲರಿಗೆ ಮಾರುತ್ತಿದ್ದರು. ದೇಣಿಗೆ ನಂಬಿ ಕೂರಬೇಡಿ. ನಿಮ್ಮಂಥವರಿಗೆ ನೇರ ದಾರಿ ಇಆರ್‌ಪಿನೆಕ್ಸ್ಟ್, ಕಂಪನಿಯ ದಾಸ್ತಾನು, ಲೆಕ್ಕ ಎಲ್ಲ ನೋಡಿಕೊಳ್ಳುವ ಓಪನ್ ಸೋರ್ಸ್ ಪ್ರೋಗ್ರಾಂ: ನಮ್ಮ ದೇಶದ್ದೇ, ಲೈಸೆನ್ಸ್ ಶುಲ್ಕ ಇಲ್ಲ, ಸಣ್ಣ ಕಾರ್ಖಾನೆಗೆ ಅದನ್ನು ಹಾಕಿಕೊಟ್ಟು, ಸ್ಟೋರಿನವರಿಗೆ ಕಲಿಸಿ, ಆಮೇಲೆ ನೋಡಿಕೊಳ್ಳುವುದಕ್ಕೆ ದುಡ್ಡು. ಅದಕ್ಕೆ ಪೈಥಾನ್ ಭಾಷೆ ಕಲಿಯಬೇಕು, ನಿಮಗೆ ಕಷ್ಟ ಆಗದು. ಹೆಬ್ಬಾಳ, ಕೂರ್ಗಳ್ಳಿ, ನಂಜನಗೂಡು ಕೈಗಾರಿಕಾ ಪ್ರದೇಶಗಳಲ್ಲಿ ಇನ್ನೂ ಎಕ್ಸೆಲ್ ಹಾಳೆಯಲ್ಲಿ ದಾಸ್ತಾನು ಇಟ್ಟಿರುವವರು ಇದ್ದಾರೆ. ಮಂಡಿಗಿಂತ ಇಲ್ಲಿ ಎಎಂಸಿ ದೊಡ್ಡದು, ಮೇಲೆ ಹೇಳಿದ 80 ಗಿರಾಕಿಯ ಲೆಕ್ಕ ಬಹಳ ಇಳಿಯುತ್ತದೆ.

ಇಂಜಿನಿಯರಿಂಗ್ ಹುಡುಗರಿಗೆ ಕಡೇ ವರ್ಷದ ಪ್ರಾಜೆಕ್ಟ್ ಮಾಡಿ ಮಾರುವ ಅಂಗಡಿಗಳು ಎರಡೂ ಊರಲ್ಲಿವೆ. ಸುಲಭದ ದುಡ್ಡು, ನನಗೆ ಹಿಡಿಸದು. ಪಾಠ ಹೇಳುವ ಮನಸ್ಸಿದ್ದರೆ ಸಂಜೆ ನಿಜವಾಗಿ ಪಾಠವನ್ನೇ ಹೇಳಿ. ಆಪ್ ಮಾಡಿ ಜಾಹೀರಾತಿನಿಂದ ಬದುಕುವ ಕನಸನ್ನು ರಜೆಗೆ ಇಟ್ಟುಕೊಳ್ಳಿ. ಎಐ ಬಂತಲ್ಲ, ಇನ್ನು ಪ್ರೋಗ್ರಾಮರ್ ಯಾಕೆ ಅನ್ನುವವರಿಗೆ ನನ್ನ ಹತ್ತಿರ ವಾದವಿಲ್ಲ. ನಾನೂ ದಿನಾ ಬಳಸುತ್ತೇನೆ, ಟಿಡಿಎಲ್‌ನಲ್ಲಿ ಆಗಾಗ ಇಲ್ಲದ್ದನ್ನು ಇದೆ ಅನ್ನುತ್ತದೆ, ಉಳಿದಂತೆ ಅರ್ಧ ಟೈಪಿಂಗ್ ಉಳಿಯಿತು. ಪ್ರಿಂಟರ್ ಕೇಬಲ್ ಇಲಿ ಕಡಿದದ್ದನ್ನು ಕಂಡುಹಿಡಿಯಲು ಈಗಲೂ ನಾನೇ ಹೋಗಬೇಕು.

ರಾಜೀನಾಮೆ ಕೊಡುವ ಮೊದಲು ಎರಡು ಕೆಲಸ. ಕಂಪನಿಯ ಗುಂಪು ವಿಮೆಯಲ್ಲಿ ನಿಮ್ಮ ತಂದೆ ಇದ್ದರೆ, ನೀವು ಕೆಲಸ ಬಿಟ್ಟಾಗ ಅದೂ ನಿಲ್ಲುತ್ತದೆ. ಹೊಸ ಪಾಲಿಸಿಯಲ್ಲಿ ಮೊದಲೇ ಇರುವ ಕಾಯಿಲೆಗೆ 3 ವರ್ಷದವರೆಗೆ ಕಾಯಿಸಬಹುದು. ಅದೇ ವಿಮೆ ಕಂಪನಿಯ ಸ್ವಂತ ಪಾಲಿಸಿಗೆ ಬದಲಾಯಿಸಿಕೊಳ್ಳುವ ಅವಕಾಶದ ಬಗ್ಗೆ ಎಚ್‌ಆರ್ ಹತ್ತಿರ ಈಗಲೇ ಬರಹದಲ್ಲಿ ಕೇಳಿ. ಮನೆ ಸಾಲದ ಯೋಚನೆ ಇದ್ದರೆ ಸಂಬಳದ ಚೀಟಿ ಕೈಯಲ್ಲಿರುವಾಗಲೇ ಮುಗಿಸಿ, ಆಮೇಲೆ ಬ್ಯಾಂಕಿನವರು ಎರಡು ಮೂರು ವರ್ಷದ ರಿಟರ್ನ್ ಕೇಳುತ್ತಾರೆ.

ಬಂದ ಮೇಲೆ ಸಣ್ಣ ಉದ್ದಿಮೆಗಳಿಗಿರುವ ಉದ್ಯಮ್ ನೋಂದಣಿ ಮಾಡಿಸಿ, ಚಾಲ್ತಿ ಖಾತೆ ತೆರೆಯಲು ಅನುಕೂಲ. ಆಧಾರ್, ಪ್ಯಾನ್ ಇದ್ದರೆ ಮನೆಯಲ್ಲೇ ಕೂತು ಆಗುತ್ತದೆ, ಸರ್ಕಾರದ ಪೋರ್ಟಲ್‌ನಲ್ಲಿ ಅದು ಪೂರ್ತಿ ಉಚಿತ. ಅದಕ್ಕೆ ಸಾವಿರಗಟ್ಟಲೆ ಕೇಳುವ ವೆಬ್‌ಸೈಟುಗಳಿವೆ, ಕೊಡಬೇಡಿ.